ತೂಕ ಇಳಿದ ಮೇಲಿನ ಬಾಲಮೂಳೆ ನೋವು: ಒಂದು ದಿಂಬಿನ ತಯಾರಿ ಮತ್ತು ಇದುವರೆಗಿನ ಪ್ರಗತಿ

ಆರಂಭದ ಸ್ಥಿತಿ

ಒಂದು ವರ್ಷಕ್ಕೂ ಮೇಲ್ಪಟ್ಟ ಅವಧಿಯಲ್ಲಿ ಊಟದ ಪ್ರಮಾಣವನ್ನು ಹಿಡಿತಕ್ಕೆ ತಂದು, ನಡಿಗೆಯನ್ನು ಹೆಚ್ಚಿಸಿ, ಸುಮಾರು 20 ಕಿಲೋ ತೂಕ ಇಳಿಸಿದ್ದೇನೆ. ಮೆಟ್ಟಿಲು ಹತ್ತುವಾಗಿನ ಏದುಸಿರು ನಿಂತಿತು, ಮಂಡಿಯ ನೋವೂ ಮರೆಯಾಯಿತು. ಆದರೆ ಮೊದಲು ಎಂದೂ ಇರದಿದ್ದ ನೋವೊಂದು ಬೆನ್ನುಮೂಳೆಯ ತುತ್ತತುದಿಯಲ್ಲಿ ಕಾಣಿಸಿಕೊಂಡಿತು. ಗಟ್ಟಿಯಾದ ಕುರ್ಚಿಯಲ್ಲಿ ಅರ್ಧ ಗಂಟೆ ಕುಳಿತರೆ ಸಾಕು, ಒಂದೇ ಬೆರಳಿನಿಂದ ಮುಟ್ಟಿ ತೋರಿಸಬಹುದಾದಷ್ಟು ಸಣ್ಣ ಜಾಗದಲ್ಲಿ ಉರಿ ಬೆರೆತ ನೋವು ಶುರುವಾಗುತ್ತದೆ. ಕುಳಿತಲ್ಲಿಂದ ಏಳುವ ಕ್ಷಣದಲ್ಲಿ ಅದು ಚಳಕ್ಕೆಂದು ಹೆಚ್ಚಾಗಿ, ನಾಲ್ಕು ಹೆಜ್ಜೆ ನಡೆದ ಮೇಲೆ ಇಳಿಯುತ್ತದೆ. ನಿಂತಾಗ, ನಡೆಯುವಾಗ, ಮಗ್ಗುಲಾಗಿ ಮಲಗಿದಾಗ ಅದರ ಸುಳಿವೇ ಇರುವುದಿಲ್ಲ.

ವೈದ್ಯರನ್ನು ಕಂಡಾಗ ಅವರು ಮೊದಲು ಕೇಳಿದ್ದು ಬಿದ್ದ ಪೆಟ್ಟಿನ ಬಗ್ಗೆ. ಎರಡನೆಯದಾಗಿ ಕೇಳಿದ್ದು, ತೂಕ ನಾನಾಗಿಯೇ ಇಳಿಸಿದ್ದೋ ಅಥವಾ ತಾನಾಗಿಯೇ ಇಳಿದದ್ದೋ ಎಂದು. ಈ ಎರಡನೆಯ ಪ್ರಶ್ನೆಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಕಾರಣವಿಲ್ಲದೆ ತೂಕ ಇಳಿಯುತ್ತಿರುವಾಗ ಮೂಳೆ ನೋವು ಬಂದರೆ, ರಾತ್ರಿ ಮಲಗಿದಾಗಲೂ ನೋವು ಬಿಡದಿದ್ದರೆ, ಜ್ವರವಿದ್ದರೆ, ಆ ಜಾಗದಲ್ಲಿ ಗಂಟು ಅಥವಾ ಕೀವು ಕಂಡರೆ ದಿಂಬಿನ ಪ್ರಯೋಗಕ್ಕೆ ಕೈಹಾಕದೆ ತಪಾಸಣೆಗೆ ಹೋಗಬೇಕು. ತೊಡೆಸಂದಿನ ಸುತ್ತ ಮರಗಟ್ಟಿದರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ ಅದು ತುರ್ತು ಚಿಕಿತ್ಸೆಯ ವಿಷಯ. ನನ್ನಲ್ಲಿ ಇವು ಯಾವುವೂ ಇರಲಿಲ್ಲ. ನಿಂತು ಮತ್ತು ಕುಳಿತು ತೆಗೆಸಿದ ಎಕ್ಸ್‌ರೇಗಳಲ್ಲಿಯೂ ಮೂಳೆ ಮುರಿದ ಅಥವಾ ಜಾರಿದ ಲಕ್ಷಣ ಕಾಣಲಿಲ್ಲ.

ನೋವಿನ ಲೆಕ್ಕಾಚಾರ

ಬಾಲಮೂಳೆ ಎಂದರೆ ಒಂದೇ ಮೂಳೆಯಲ್ಲ. ಮೂರರಿಂದ ಐದು, ಸಾಮಾನ್ಯವಾಗಿ ನಾಲ್ಕು, ಪುಟ್ಟ ಕಶೇರುಗಳು ಸೇರಿ ಆಗಿರುವ ರಚನೆ. ನಾವು ಕುಳಿತಾಗ ದೇಹದ ಭಾರ ಸೊಂಟದ ಕೆಳಗಿನ ಎರಡು ಕೂರುವ ಮೂಳೆಗಳ ಮೇಲೆ ಬೀಳುತ್ತದೆ. ಹಿಂದಕ್ಕೆ ಒರಗಿ ಜಾರಿ ಕುಳಿತಷ್ಟೂ ಬಾಲಮೂಳೆ ಮೂರನೆಯ ಆಧಾರವಾಗಿ ಆ ಭಾರದಲ್ಲಿ ಪಾಲು ಪಡೆಯುತ್ತದೆ. ಪೃಷ್ಠದ ಕೊಬ್ಬು ಮತ್ತು ಸ್ನಾಯು ಎರಡೂ ಈ ಒತ್ತಡವನ್ನು ಹಂಚುವ ಮೆತ್ತೆಯಾಗಿ ಕೆಲಸ ಮಾಡುತ್ತಿದ್ದವು. ತೂಕ ಇಳಿಸುವಾಗ ಕೊಬ್ಬಿನೊಡನೆ ಸ್ನಾಯುವೂ ಒಂದಿಷ್ಟು ಕರಗುತ್ತದೆ, ಭಾರ ಎತ್ತುವ ವ್ಯಾಯಾಮ ಮಾಡದವರಲ್ಲಿ ಇನ್ನೂ ಹೆಚ್ಚು. ಹೀಗೆ ಎರಡೂ ಕಡೆಯಿಂದ ನನ್ನ ಮೆತ್ತೆ ತೆಳುವಾಯಿತು.

ವಿಚಿತ್ರವೆಂದರೆ, ಅತಿಯಾದ ತೂಕವೂ ಬಾಲಮೂಳೆ ನೋವಿಗೆ ಒಪ್ಪಿತವಾದ ಕಾರಣಗಳಲ್ಲಿ ಒಂದು. ತೂಕ ಹೆಚ್ಚಿರುವವರು ಕುಳಿತುಕೊಳ್ಳುವಾಗ ಸೊಂಟ ಸಾಕಷ್ಟು ತಿರುಗದೆ, ಮೂಳೆಯ ತುದಿ ಹಿಂದಕ್ಕೆ ಚಾಚಿಕೊಂಡು ಪೆಟ್ಟಿಗೆ ಒಡ್ಡಿಕೊಳ್ಳುತ್ತದೆ. ತೆಳ್ಳಗಿರುವವರಲ್ಲಿಯಾದರೋ ಮೂಳೆಯ ತುದಿಗೂ ಆಸನಕ್ಕೂ ನಡುವೆ ಚರ್ಮದ ಹೊರತು ಹೆಚ್ಚೇನೂ ಉಳಿದಿರುವುದಿಲ್ಲ. ಆದ್ದರಿಂದ ಇಳಿಸಿದ ತೂಕವನ್ನು ಮತ್ತೆ ಏರಿಸಿಕೊಂಡರೆ ನೋವು ಹೋದೀತು ಎಂಬ ಹಿತೈಷಿಗಳ ಸಲಹೆಯನ್ನು ಕೇಳಿ ಅಲ್ಲಿಯೇ ಬಿಟ್ಟೆ. ಮಾಡಬೇಕಾದ ಕೆಲಸ ಎರಡು: ಸದ್ಯಕ್ಕೆ ಬಾಲಮೂಳೆಯ ಮೇಲಿನ ಭಾರವನ್ನು ಬೇರೆಡೆಗೆ ಸಾಗಿಸುವುದು, ನಿಧಾನವಾಗಿ ಸ್ನಾಯುವನ್ನು ಬೆಳೆಸುವುದು.

ದಿಂಬಿನ ಮೊದಲ ಹಂತ

ನಡುವೆ ತೂತಿರುವ ಬಳೆಯಾಕಾರದ ದಿಂಬು ಈ ನೋವಿಗೆ ಎಲ್ಲರೂ ಸೂಚಿಸುವ ವಸ್ತು. ಅದು ನನಗೆ ಒಗ್ಗಲಿಲ್ಲ, ಒಗ್ಗದಿರಲು ಕಾರಣವೂ ಸ್ಪಷ್ಟ: ತೂತು ಬರುವುದು ನಡುಭಾಗಕ್ಕೆ, ಬಾಲಮೂಳೆ ಬರುವುದು ಹಿಂಭಾಗಕ್ಕೆ. ಬಳೆಯ ಹಿಂದಿನ ಅಂಚು ನೇರವಾಗಿ ನೋಯುವ ಜಾಗದ ಹತ್ತಿರವೇ ಒತ್ತುತ್ತಿತ್ತು. ಅತಿ ಮೆತ್ತಗಿನ ದಿಂಬೂ ಉಪಯೋಗಕ್ಕೆ ಬರಲಿಲ್ಲ; ದೇಹ ಅದರಲ್ಲಿ ಹೂತುಹೋದಾಗ ಸುತ್ತಲಿನ ಸ್ಪಂಜು ಬಾಲಮೂಳೆಯನ್ನೂ ಎಲ್ಲದರ ಜೊತೆಗೆ ಮೇಲಕ್ಕೆ ತಳ್ಳುತ್ತದೆ. ಆ ಮೂಳೆಯ ಕೆಳಗೆ ಇರಬೇಕಾದದ್ದು ಖಾಲಿ ಜಾಗ; ಮೆತ್ತನೆಯ ವಸ್ತುವೂ ಅಲ್ಲಿ ಒತ್ತುವ ವಸ್ತುವೇ.

ಹಾಗಾಗಿ ಹಿಂಬದಿಯ ಅಂಚಿನಿಂದ ಒಳಕ್ಕೆ ಕಚ್ಚು ತೆಗೆದ, ಹಿಂದೆ ಎತ್ತರವಾಗಿ ಮುಂದೆ ಇಳಿಜಾರಾಗುವ ದಿಂಬನ್ನು ನಾನೇ ಮಾಡಿಕೊಳ್ಳಲು ಹೊರಟೆ. ಕಚ್ಚಿನ ಅಗಲ ಎಷ್ಟಿರಬೇಕು ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ. ಕೂರುವ ಮೂಳೆಗಳ ನಡುವಿನ ಅಂತರಕ್ಕಿಂತ ಕಚ್ಚು ಅಗಲವಾದರೆ ಆ ಮೂಳೆಗಳೇ ಅದರೊಳಗೆ ಇಳಿದು ಭಾರ ಹೊರುವ ಆಧಾರವಿಲ್ಲದಂತಾಗುತ್ತದೆ. ಅಳತೆಗೆ ಸೈಕಲ್ ಸವಾರರು ತಮ್ಮ ಸೀಟು ಆರಿಸಲು ಬಳಸುವ ವಿಧಾನವನ್ನೇ ಬಳಸಿದೆ. ಪೆಟ್ಟಿಗೆಗಳಿಗೆ ಬಳಸುವ, ಒಳಗೆ ಅಲೆಪದರವಿರುವ ರಟ್ಟಿನ ತುಂಡೊಂದನ್ನು ಗಟ್ಟಿ ಸ್ಟೂಲಿನ ಮೇಲೆ ಇಟ್ಟು, ತೆಳುವಾದ ಬಟ್ಟೆಯಲ್ಲಿ ಅದರ ಮೇಲೆ ಕುಳಿತು, ಪಾದಗಳನ್ನು ತುಸು ಎತ್ತಿ, ಅರ್ಧ ನಿಮಿಷದ ನಂತರ ಎದ್ದು ನೋಡಿದರೆ ರಟ್ಟಿನ ಮೇಲೆ ಎರಡು ಗುಳಿಗಳು ಬಿದ್ದಿರುತ್ತವೆ. ಗುಳಿಗಳನ್ನು ಬೆರಳಿನಿಂದ ತಡವಿ, ಆಳವಾದ ಜಾಗಕ್ಕೆ ಗುರುತು ಹಾಕಿ ಅಳೆದಾಗ ನನ್ನ ಅಂತರ 12 ಸೆಂಟಿಮೀಟರ್ ಬಂದಿತು. ಕಚ್ಚನ್ನು 8 ಸೆಂಟಿಮೀಟರ್ ಅಗಲಕ್ಕೆ, ಹಿಂಬದಿಯಿಂದ ಒಳಕ್ಕೆ 14 ಸೆಂಟಿಮೀಟರ್ ಉದ್ದಕ್ಕೆ ನಿಗದಿಪಡಿಸಿದೆ.

ಸ್ಪಂಜನ್ನು ಕೊಯ್ಯುವಾಗ ಬ್ಲೇಡನ್ನು ಒತ್ತಬಾರದು ಎಂಬುದು ಮೊದಲ ಚೂರಿನಲ್ಲಿಯೇ ಗೊತ್ತಾಗುತ್ತದೆ. ಒತ್ತಿದರೆ ಸ್ಪಂಜು ಕುಗ್ಗಿ, ಬಿಟ್ಟಾಗ ಹಿಗ್ಗಿ, ಕೊಯ್ದ ಗೋಡೆ ಓರೆಯಾಗುತ್ತದೆ. ಹಲ್ಲಿರುವ ಉದ್ದನೆಯ ಚಾಕುವನ್ನು ಭಾರ ಹಾಕದೆ ಹಿಂದೆ ಮುಂದೆ ಎಳೆದರೆ ಗೋಡೆ ನೇರವಾಗಿ ಬರುತ್ತದೆ. ಕೆಳಪದರಕ್ಕೆ ಗಟ್ಟಿಯಾದ ಸ್ಪಂಜು, ಮೇಲೆ 2 ಸೆಂಟಿಮೀಟರ್ ದಪ್ಪದ ತುಸು ಮೆತ್ತಗಿನ ಪದರ. ಹಿಂದಿನ ಎತ್ತರ 8, ಮುಂದಿನದು 4 ಸೆಂಟಿಮೀಟರ್.

ಹೊದಿಕೆಯ ತೊಡಕು

ಹೊದಿಕೆಯಿಲ್ಲದ ದಿಂಬಿನ ಮೇಲೆ ಕುಳಿತಾಗ ಸಿಕ್ಕ ನೆಮ್ಮದಿ, ಹೊದಿಕೆ ಹಾಕಿದ ಮೇಲೆ ಅರ್ಧಕ್ಕಿಳಿಯಿತು. ಬಿಗಿಯಾಗಿ ಹೊಲಿದ ಬಟ್ಟೆ ಕಚ್ಚಿನ ಮೇಲೆ ತಮಟೆಯ ಚರ್ಮದಂತೆ ಎಳೆದುಕೊಂಡು, ಖಾಲಿ ಇರಬೇಕಾದ ಜಾಗದಲ್ಲಿ ಬಾಲಮೂಳೆಗೆ ತಾಗುತ್ತಿತ್ತು. ಹೊಲಿಗೆ ಬಿಚ್ಚಿ, ಕಚ್ಚಿನ ಗೋಡೆಗಳನ್ನು ಅನುಸರಿಸಿ ಬಟ್ಟೆ ಒಳಕ್ಕೆ ಇಳಿಯುವಂತೆ ಮತ್ತೆ ಹೊಲಿಸಿದ ಮೇಲೆ ಸರಿಹೋಯಿತು. ಸಿದ್ಧ ದಿಂಬು ಕೊಳ್ಳುವವರೂ ಕಚ್ಚಿನ ಮೇಲೆ ಬೆರಳಿಟ್ಟು ಒತ್ತಿ ಪರೀಕ್ಷಿಸುವುದು ಒಳ್ಳೆಯದು.

ದಿಂಬಿನಿಂದ ಆಸನ ಎತ್ತರವಾದಾಗ ಪಾದಗಳು ನೆಲ ಬಿಟ್ಟು ತೂಗಾಡಬಾರದು. ತೂಗಾಡಿದರೆ ದೇಹ ತಾನಾಗಿ ಹಿಂದಕ್ಕೆ ಜಾರಿ, ದಿಂಬಿನ ಇಳಿಜಾರಿನ ಉದ್ದೇಶವೇ ಕೆಡುತ್ತದೆ. ನಾನು ಕುರ್ಚಿಯನ್ನು ಅಷ್ಟೇ ತಗ್ಗಿಸಿದ್ದೇನೆ.

ವ್ಯಾಯಾಮ

ಫಿಸಿಯೋಥೆರಪಿಸ್ಟ್ ಮೊದಲು ಬದಲಿಸಿದ್ದು ನಾನು ಏಳುವ ರೀತಿಯನ್ನು. ಆಸನದ ಅಂಚಿಗೆ ಸರಿದು, ಸೊಂಟದಿಂದ ಮುಂದಕ್ಕೆ ಬಾಗಿ, ಭಾರ ಪೂರ್ತಿ ತೊಡೆ ಮತ್ತು ಪಾದಗಳಿಗೆ ಬಂದ ಮೇಲೆ ಏಳುವುದು. ಇಷ್ಟರಿಂದಲೇ ಏಳುವಾಗಿನ ಚಳಕು ಬಹುಪಾಲು ಕಡಿಮೆಯಾಯಿತು.

ಸ್ನಾಯು ಬೆಳೆಸಲು ಅಂಗಾತ ಮಲಗಿ ಮಂಡಿ ಮಡಿಸಿ ಸೊಂಟ ಎತ್ತುವ ವ್ಯಾಯಾಮದಿಂದ ಆರಂಭಿಸಿ, ಈಗ ಕೈಯಲ್ಲಿ ಭಾರ ಹಿಡಿದು ಬಸ್ಕಿ ಹೊಡೆಯುವ ಹಂತಕ್ಕೆ ಬಂದಿದ್ದೇನೆ. ಪೃಷ್ಠದ ದೊಡ್ಡ ಸ್ನಾಯುವಿನ ಕೆಲವು ಎಳೆಗಳು ಬಾಲಮೂಳೆಗೇ ಅಂಟಿಕೊಂಡಿರುವುದರಿಂದ ಭಾರವನ್ನು ಅವಸರದಲ್ಲಿ ಏರಿಸಬಾರದು. ಮರುದಿನ ಕುಳಿತಾಗ ನೋವು ಹೆಚ್ಚಿದ್ದರೆ ಹಿಂದಿನ ಭಾರಕ್ಕೇ ಮರಳುತ್ತೇನೆ. ಬಟ್ಟೆಹಾಸಿನ ಮೇಲೆ ಕುಳಿತು ಹೊಟ್ಟೆಗಾಗಿ ಏಳುಬೀಳುವ ವ್ಯಾಯಾಮವನ್ನು, ಮೂಳೆ ನೆಲಕ್ಕೆ ಉಜ್ಜುವ ಕಾರಣ, ಕೈಬಿಟ್ಟಿದ್ದೇನೆ.

ಇದರ ಜೊತೆಗೆ ಕಲಿಸಿದ್ದು ಸೊಂಟದ ತಳದ ಸ್ನಾಯುಗಳನ್ನು ಸಡಿಲಿಸುವ ಉಸಿರಾಟ. ಆ ಸ್ನಾಯುಗಳೂ ಬಾಲಮೂಳೆಗೆ ಅಂಟಿಕೊಂಡಿವೆ, ನೋವಿಗೆ ಹೆದರಿ ಅವು ಸದಾ ಬಿಗಿದುಕೊಂಡಿರುತ್ತವೆ. ಆಳವಾಗಿ ಉಸಿರೆಳೆದುಕೊಳ್ಳುವಾಗ ಹೊಟ್ಟೆಯೊಂದಿಗೆ ಕೆಳಭಾಗವೂ ಸಡಿಲವಾಗಲು ಬಿಡುವುದು ಕೇಳಲು ಸುಲಭ, ಕೈಗೂಡಲು ನಿಧಾನ. ಮಲಬದ್ಧತೆ ಇದ್ದ ದಿನಗಳಲ್ಲಿ ತಿಣುಕಿದಷ್ಟೂ ನೋವು ಏರುತ್ತಿದ್ದುದರಿಂದ ನೀರು ಮತ್ತು ನಾರಿನಂಶವನ್ನು ಹೆಚ್ಚಿಸಿಕೊಂಡೆ. ಆಹಾರದ ಪ್ರಮಾಣ ತಗ್ಗಿಸಿದವರಲ್ಲಿ ಈ ತೊಂದರೆ ಬರುವುದು ಸಹಜ.

ಸದ್ಯದ ಸ್ಥಿತಿ

ದಿಂಬಿನ ಮೇಲೆ ಎರಡು ಗಂಟೆ ಕುಳಿತರೂ ಈಗ ನೋವು ಬರುವುದಿಲ್ಲ. ಆದರೂ ಅರ್ಧ ಗಂಟೆಗೊಮ್ಮೆ ಏಳುವುದನ್ನು ಬಿಟ್ಟಿಲ್ಲ. ದಿಂಬಿಲ್ಲದ ಗಟ್ಟಿ ಬೆಂಚಿನ ಮೇಲೆ ಮುಕ್ಕಾಲು ಗಂಟೆಯಾಗುವಷ್ಟರಲ್ಲಿ ನೋವು ತಲೆಯೆತ್ತುತ್ತದೆ. ತೂಕ ಇಳಿದಲ್ಲಿಯೇ ನಿಂತಿದೆ. ಬಹುತೇಕ ಜನರಲ್ಲಿ ಈ ನೋವು ಶಸ್ತ್ರಚಿಕಿತ್ಸೆಯಿಲ್ಲದೆಯೇ ತಹಬಂದಿಗೆ ಬರುತ್ತದೆ. ಇಷ್ಟಕ್ಕೂ ಬಗ್ಗದಿದ್ದರೆ ಆ ಜಾಗಕ್ಕೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುವ ಕ್ರಮವಿದೆ ಎಂದು ವೈದ್ಯರು ತಿಳಿಸಿದ್ದಾರೆ. ಅದರ ಅಗತ್ಯ ಸದ್ಯಕ್ಕೆ ಕಾಣುತ್ತಿಲ್ಲ.

ದಿಂಬಿನ ಮೇಲ್ಪದರ ಕೂರುವ ಮೂಳೆಗಳು ಬರುವ ಜಾಗದಲ್ಲಿ ಆಗಲೇ ತುಸು ತಗ್ಗಿದೆ, ಅದನ್ನಷ್ಟೇ ಬದಲಿಸಬೇಕು. ಪದರಗಳನ್ನು ಅಂಟಿಸದೆ ಒಂದರ ಮೇಲೊಂದು ಇಟ್ಟಿದ್ದರಿಂದ ಅದು ಸುಲಭದ ಕೆಲಸ. ಕಾರಿನ ಸೀಟು ಹಿಂದಕ್ಕೆ ವಾಲಿರುವುದರಿಂದ ಇದೇ ದಿಂಬು ಅಲ್ಲಿ ಸಮತಟ್ಟಾಗಿಬಿಡುತ್ತದೆ. ಅದಕ್ಕೆ ಹಿಂದಿನ ಎತ್ತರ ಹೆಚ್ಚಿರುವ ಇನ್ನೊಂದನ್ನು ಕೊಯ್ಯಬೇಕಾಗಿದೆ. ತಲೆ ಚಾವಣಿಗೆ ತಾಗದಂತೆ ಎಷ್ಟು ಎತ್ತರಿಸಬಹುದು ಎಂದು ರಟ್ಟಿನ ತುಂಡುಗಳನ್ನು ಪೇರಿಸಿ ನೋಡುತ್ತಿದ್ದೇನೆ.