ಚಿಕ್ಕ ಜಾಗಕ್ಕೆ ಹದಿನೈದಿಂಚಿನ ಟಾಪ್ ಏಕೆ ಬೇಡ, ಸಬ್ ಎಲ್ಲಿಡಬೇಕು

ಕೆಫೆ, ಪಬ್, ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್, ಬಡಾವಣೆಯ ಪುಟ್ಟ ಸಭಾಂಗಣ. ಹೆಚ್ಚೆಂದರೆ ನೂರೈವತ್ತು ಜನ. ಇಂಥ ಜಾಗಕ್ಕೆ ಸೌಂಡ್ ಸಿಸ್ಟಮ್ ಹಾಕಿಸಲು ಹೊರಟವರು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಕೇಳುವುದು ಎರಡೇ ಮಾತು: ‘ಹದಿನೈದಿಂಚು ಜೋಡಿಗೆ ಎಷ್ಟು? ಎಷ್ಟು ವ್ಯಾಟ್?’ ಎರಡರಿಂದಲೂ ದುಡ್ಡು ತಪ್ಪು ಜಾಗಕ್ಕೆ ಹೋಗುತ್ತದೆ. ಅದೇ ಬಜೆಟ್ಟಿನಲ್ಲಿ ಹತ್ತಿಂಚಿನ ಇಲ್ಲವೇ ಹನ್ನೆರಡಿಂಚಿನ ಎರಡು ಟಾಪ್ (ಸ್ಟ್ಯಾಂಡಿನ ಮೇಲೆ ನಿಂತು ಮಾತು, ಹಾಡು ಕೇಳಿಸುವ ಬಾಕ್ಸ್), ಜೊತೆಗೆ ಒಂದೇ ಒಂದು ಒಳ್ಳೆಯ ಸಬ್ (ಬರೀ ಬೇಸ್ ನುಡಿಸುವ ಬಾಕ್ಸ್) ತಂದು ಸರಿಯಾದ ಕಡೆ ಇಟ್ಟರೆ ಹಾಡೂ ಚೆನ್ನ, ಮಾತೂ ಚೆನ್ನ.

ಮೊದಲು ವ್ಯಾಟ್ ಲೆಕ್ಕ ಮುಗಿಸಿಬಿಡೋಣ. ಬಾಕ್ಸಿನ ಮೇಲೆ ದೊಡ್ಡದಾಗಿ 2000 ವ್ಯಾಟ್ ಎಂದಿದ್ದರೆ ಅದು ಸಾಮಾನ್ಯವಾಗಿ ಪೀಕ್, ಅಂದರೆ ಕ್ಷಣಮಾತ್ರ ತಾಳುವ ಗರಿಷ್ಠ. ರೂಢಿಯ ಲೆಕ್ಕದಲ್ಲಿ ಅದರ ಅರ್ಧ ಪ್ರೋಗ್ರಾಮ್, ಕಾಲುಭಾಗ ಕಂಟಿನ್ಯುಯಸ್; ತಾಸುಗಟ್ಟಲೆ ತಾಳಿಕೊಳ್ಳುವುದು 500. ವ್ಯಾಟ್ ದುಪ್ಪಟ್ಟಾದರೂ ಏರುವುದು ಬರೀ 3 ಡಿಬಿ (ಡೆಸಿಬೆಲ್), ಕಿವಿಗೆ ‘ಸ್ವಲ್ಪ ಜಾಸ್ತಿ’ ಅನ್ನಿಸುವಷ್ಟು. ನೋಡಬೇಕಾದದ್ದು ಮ್ಯಾಕ್ಸ್ ಎಸ್‌ಪಿಎಲ್, ಅಂದರೆ ಬಾಕ್ಸ್ ಹೊರಡಿಸಬಲ್ಲ ಗರಿಷ್ಠ ಸದ್ದು. ಅದೂ ಹೆಚ್ಚಾಗಿ ಒಂದು ಮೀಟರ್ ದೂರದ ಪೀಕ್ ಅಂಕಿಯೇ. 128 ಡಿಬಿ ಎಂದಿದ್ದರೆ ನಿಜವಾದ ಹಾಡಿಗೆ ಸುಮಾರು 12 ಕಳೆಯಿರಿ, 116 ಉಳಿಯಿತು. ದೂರ ದುಪ್ಪಟ್ಟಾದಂತೆಲ್ಲ 6 ಡಿಬಿ ಇಳಿಯುವುದರಿಂದ 8 ಮೀಟರಿಗೆ 18 ಹೋಗಿ 98. ಗೋಡೆ, ಚಾವಣಿಯಿಂದ ಮರಳುವ ಸದ್ದು ಮತ್ತು ಎರಡನೇ ಬಾಕ್ಸ್ ಸೇರಿ ನಾಲ್ಕೈದು ಡಿಬಿ ವಾಪಸ್ ಬರುತ್ತದೆ. ನೂರು ದಾಟಿತಲ್ಲ, ಊಟ ಮಾಡುತ್ತ ಹಾಡು ಕೇಳುವ ಜಾಗಕ್ಕೆ ಧಾರಾಳವಾಯಿತು.

ಹದಿನೈದಿಂಚಿನ ಟಾಪ್ ಏಕೆ ಬೇಡ? ಟೂ-ವೇ ಬಾಕ್ಸಿನಲ್ಲಿ, ಅಂದರೆ ಕೆಳಗೆ ಕೋನ್, ಮೇಲೆ ಚೂಪು ಸದ್ದಿನ ಹಾರ್ನ್ ಇರುವ ಬಾಕ್ಸಿನಲ್ಲಿ, ದೊಡ್ಡ ಕೋನ್ ಸುಮಾರು 1.5ರಿಂದ 2 ಕಿಲೋಹರ್ಟ್ಸ್‌ವರೆಗೂ ದನಿಯನ್ನು ಹೊರಬೇಕು. 1.5 ಕಿಲೋಹರ್ಟ್ಸ್‌ನಲ್ಲಿ ತರಂಗದ ಉದ್ದ 23 ಸೆಂ.ಮೀ., ಹದಿನೈದಿಂಚಿನ ಕೋನ್‌ನ ಕೆಲಸ ಮಾಡುವ ಅಗಲ ಸುಮಾರು 33 ಸೆಂ.ಮೀ. ತರಂಗಕ್ಕಿಂತ ಕೋನ್ ದೊಡ್ಡದಾದಾಗ ಸದ್ದು ಬದಿಗೆ ಹರಡದೆ ನೇರ ಮುಂದಕ್ಕೇ ಹೋಗುತ್ತದೆ. ಮೇಲಿನ ಹಾರ್ನ್ ಮಾತ್ರ 90 ಡಿಗ್ರಿ ಹರಡುತ್ತಿರುತ್ತದೆ. ಹೀಗಾಗಿ ಬದಿಯ ಮೇಜಿನವರಿಗೆ ‘ಸ’, ‘ಶ’ ಚೂಪಾಗಿ ಕೇಳುತ್ತವೆ, ದನಿಯ ಮೈ ಸೊರಗಿರುತ್ತದೆ. ಚಿಕ್ಕ ಜಾಗದಲ್ಲಿ ಅರ್ಧ ಜನ ಕೂರುವುದೇ ಬದಿಯಲ್ಲಿ. ಬೇಸ್‌ಗಾಗಿ ದೊಡ್ಡದು ಬೇಕು ಅನ್ನುವುದಾದರೆ, ನೆಲದಿಂದ ಎರಡು ಮೀಟರ್ ಮೇಲೆ ಸ್ಟ್ಯಾಂಡಿಗೇರಿದ ಬಾಕ್ಸಿಗೆ ನೆಲದ ಆಸರೆ ತಪ್ಪಿರುತ್ತದೆ. ಅದು ಸಬ್ ಆಗುವುದೂ ಇಲ್ಲ, ಒಳ್ಳೆಯ ಟಾಪ್ ಆಗುವುದೂ ಇಲ್ಲ.

ಸಬ್ ಎಷ್ಟಿಂಚಿನದು? ಬೇಸ್ ಗಿಟಾರಿನ ಕೆಳಗಿನ ತಂತಿ 41 ಹರ್ಟ್ಸ್, ಐದು ತಂತಿಯದಾದರೆ 31. ಕಿಕ್ ಡ್ರಮ್ಮಿನ ಗುದ್ದು 50ರಿಂದ 80ರ ನಡುವೆ. ಹನ್ನೆರಡಿಂಚಿನ ಕಾಂಪ್ಯಾಕ್ಟ್ ಸಬ್‌ಗಳಲ್ಲಿ ಹೆಚ್ಚಿನವು 45–50ರ ಕೆಳಗೆ ದಮ್ಮು ಬಿಡುತ್ತವೆ. ಅಕೌಸ್ಟಿಕ್ ಗಿಟಾರು, ಕಹೋನ್ (ಮೇಲೆ ಕೂತು ಬಡಿಯುವ ಮರದ ಪೆಟ್ಟಿಗೆ), ಭಾವಗೀತೆಗೆ ಅಷ್ಟು ಸಾಕು. ವಾರಕ್ಕೊಮ್ಮೆ ಡಿಜೆ ಬರುವ ಜಾಗವಾದರೆ ಹದಿನೆಂಟಿಂಚು ತನ್ನಿ. ಹನ್ನೆರಡರದಕ್ಕಿಂತ ಅದರ ಕೋನ್ ವಿಸ್ತೀರ್ಣ ಎರಡೂಕಾಲು ಪಟ್ಟು. ಎರಡನೆಯ ಸಬ್ ಮುಂದೆ ಕೊಳ್ಳುವ ಅಂದಾಜಿದ್ದರೆ ಅದೇ ಮಾಡೆಲ್ ಇರಲಿ, ಬೇರೆ ಬೇರೆ ಕಂಪನಿಯದನ್ನು ಬೆರೆಸಿದರೆ ಫೇಸ್ (ತರಂಗಗಳ ಏರಿಳಿತದ ಹೊತ್ತು) ಹೊಂದದೆ ಎರಡೂ ಸೇರಿ ಒಂದಕ್ಕಿಂತ ಕಡಿಮೆ ಕೇಳಿಸುವುದುಂಟು.

ಈಗ ಎಲ್ಲಿಡಬೇಕು ಅನ್ನುವುದು. ಪಕ್ಕಾ ಅಳತೆಯ ಕೋಣೆಯೊಂದನ್ನು ತೆಗೆದುಕೊಳ್ಳೋಣ: 12 ಮೀಟರ್ ಉದ್ದ, 8 ಮೀಟರ್ ಅಗಲ, 3.2 ಮೀಟರ್ ಎತ್ತರ. ಸ್ಟೇಜು 8 ಮೀಟರಿನ ಗೋಡೆಗೆ. ಎರಡು ಎದುರು ಗೋಡೆಗಳ ನಡುವೆ ಅನುರಣಿಸುವ ಮೊದಲ ಹರ್ಟ್ಸ್ ಸಿಗಬೇಕಾದರೆ 343ನ್ನು ದೂರದ ಎರಡರಷ್ಟರಿಂದ ಭಾಗಿಸಿ. ಉಳಿದವು ಅದರ ಎರಡರಷ್ಟು, ಮೂರರಷ್ಟು. ಉದ್ದಕ್ಕೆ 14, 29, 43, 57. ಅಗಲಕ್ಕೆ 21, 43, 64. ಎರಡು ಪಟ್ಟಿಯಲ್ಲೂ 43 ಇದೆ. ಉದ್ದ-ಅಗಲ 3ಕ್ಕೆ 2ರ ಪ್ರಮಾಣದಲ್ಲಿರುವ ಕೋಣೆಯಲ್ಲೆಲ್ಲ ಹೀಗೆ ಒಂದರ ಮೇಲೊಂದು ಕೂರುತ್ತವೆ. ಬೇಸ್ ಗಿಟಾರಿನವನು ಕೆಳಗಿನ ಇ ಇಲ್ಲವೇ ಎಫ್ ಮುಟ್ಟಿದರೆ ಸಾಕು, ಕೋಣೆಯೆಲ್ಲ ಗುಂಯ್ ಎಂದು ತುಂಬಿಕೊಳ್ಳುತ್ತದೆ. ಪಕ್ಕದ ಸ್ವರ ಮಾತ್ರ ಎಂದಿನಂತೆ. ಬಯ್ಸಿಕೊಳ್ಳುವವನು ಬೇಸ್ ನುಡಿಸುವವನು.

ಈ ಕೋಣೆಯಲ್ಲಿ ಸಬ್ಬನ್ನು ಸ್ಟೇಜಿನ ನಟ್ಟನಡುವೆ ಇಟ್ಟರೆ ಅಗಲದ 43ಕ್ಕೆ ಪೂರಾ ಒತ್ತು ಸಿಗುತ್ತದೆ. ಏಕೆಂದರೆ ಅದರ ಒತ್ತಡ ಹೆಚ್ಚಿರುವ ಜಾಗಗಳು ಎರಡು ಬದಿಗೋಡೆ ಮತ್ತು ನಡುಮಧ್ಯ. ಬದಿಗೋಡೆಯಿಂದ 2 ಮೀಟರಿಗೆ, ಅಂದರೆ ಅಗಲದ ಕಾಲುಭಾಗಕ್ಕೆ ಸರಿಸಿ: ಅಲ್ಲಿ ಆ ಅನುರಣನದ ಒತ್ತಡ ಸೊನ್ನೆಗೆ ಹತ್ತಿರ, ಆದ್ದರಿಂದ ಸಬ್ ಅದನ್ನು ಎಬ್ಬಿಸುವುದೇ ಇಲ್ಲ. ಉದ್ದದ 43 ಉಳಿಯುತ್ತದೆ. ಅದಕ್ಕೆ ಸಬ್ ಚಾನೆಲ್ಲಿನ ಇಕ್ಯೂನಲ್ಲಿ (ಬೇಕಾದ ಹರ್ಟ್ಸ್ ಮಾತ್ರ ಏರಿಸಿ ಇಳಿಸುವ ಈಕ್ವಲೈಜರ್) ಕಿರಿದಾಗಿ 4ರಿಂದ 6 ಡಿಬಿ ಇಳಿಸಿ. ಇಕ್ಯೂನಿಂದ ಉಬ್ಬು ತಗ್ಗಿಸಬಹುದು, ತಗ್ಗು ತುಂಬಲಾಗದು. ಸದ್ದು ರದ್ದಾಗುವ ಜಾಗಕ್ಕೆ ಎಷ್ಟು ಬೂಸ್ಟ್ ಕೊಟ್ಟರೂ ಅಷ್ಟೂ ರದ್ದಾಗಿ ಆಂಪ್ಲಿಫೈಯರ್ ಬಿಸಿಯಾಗುವುದೊಂದೇ ಲಾಭ.

ಹಿಂದಿನ ಗೋಡೆಯಿಂದ ಸಬ್ ಎಷ್ಟು ದೂರ ಅನ್ನುವುದು ಇದಕ್ಕಿಂತ ಹೆಚ್ಚಾಗಿ ಕೆಡುವ ವಿಷಯ. ಕೋನ್ ಗೋಡೆಯಿಂದ 1.2 ಮೀಟರ್ ಮುಂದಿದ್ದರೆ ಹಿಂದಕ್ಕೆ ಹೋದ ಸದ್ದು ಗೋಡೆಗೆ ಬಡಿದು 2.4 ಮೀಟರ್ ತಡವಾಗಿ ಬಂದು ಸೇರುತ್ತದೆ. 71 ಹರ್ಟ್ಸ್‌ಗೆ ಅದು ಅರ್ಧ ತರಂಗ. ಮುಂದಿನದು ಒತ್ತುವಾಗ ಹಿಂದಿನದು ಎಳೆಯುತ್ತದೆ, ಕಿಕ್ಕಿನ ಗುದ್ದು ಮಾಯ. ಫೋಲ್ಡರ್, ಕೇಬಲ್ ಡಬ್ಬ ಇಡಲೆಂದು ಸಬ್ ಹಿಂದೆ ಅರ್ಧ ಮೀಟರ್ ಜಾಗ ಬಿಡುವ ಸ್ಟೇಜುಗಳಲ್ಲಿ ಆಗುವುದು ಇದೇ. ಬೆನ್ನು ಗೋಡೆಗೆ ತಾಗುವಂತೆ ದೂಡಿದರೆ ಕೋನ್ ಸುಮಾರು 65 ಸೆಂ.ಮೀ. ಮುಂದಿರುತ್ತದೆ, ರದ್ದಾಗುವ ಹರ್ಟ್ಸ್ 130ರ ಆಸುಪಾಸಿಗೆ ಏರುತ್ತದೆ. ಕ್ರಾಸ್‌ಓವರ್ (ಸಬ್ ನಿಂತು ಟಾಪ್ ಶುರುವಾಗುವ ಹರ್ಟ್ಸ್) 90–100ಕ್ಕೆ ಇದ್ದರೆ ಸಬ್ ಅಲ್ಲಿಗೆ ಹೋಗುವುದೇ ಇಲ್ಲ. ಫ್ಯಾನ್ ಇರುವ ಬೆನ್ನಾದರೆ ಗಾಳಿಯಾಡಲು ಕೈ ಹಿಡಿಸುವಷ್ಟು ಬಿಡಿ, ಸಾಕು.

ಎರಡು ಸಬ್ ಇದ್ದರೆ ಎಡಕ್ಕೊಂದು ಬಲಕ್ಕೊಂದು ಇಡಬೇಡಿ. ನೋಡಲು ಚೆಂದ, ಕೇಳಲು ಅಲ್ಲ. ನಡುಸಾಲಿನಲ್ಲಿ ಎದೆಗೆ ಗುದ್ದುತ್ತದೆ, ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಏನೂ ಇಲ್ಲ. ಎರಡನ್ನೂ ಒಟ್ಟಿಗೆ ಇಟ್ಟರೆ ಎಲ್ಲ ಕಡೆಯೂ 6 ಡಿಬಿ ಹೆಚ್ಚು. ಒಂದನ್ನು ಹಿಂದೆ ತಿರುಗಿಸಿ ಕಾರ್ಡಿಯಾಯ್ಡ್ ಮಾಡುವ, ಅಂದರೆ ಹಿಂದಕ್ಕೆ ಹೋಗುವ ಬೇಸ್ ರದ್ದು ಮಾಡುವ ಆಸೆ ಬೇಡ. ಗೋಡೆ ಒಂದು ಮೀಟರಿನೊಳಗೆ ಇರುವ ಕಡೆ ಅದು ಕೆಲಸ ಮಾಡುವುದು ಕಷ್ಟ.

ಸಬ್ ಮತ್ತು ಟಾಪ್ ಕೂಡುವಲ್ಲಿ ಎರಡು ತಪ್ಪು ಪದೇಪದೇ ಕಾಣುತ್ತವೆ. ಸಬ್ಬಿನ ಬೆನ್ನಿನ ಹೈಪಾಸ್ (ಕೆಳಗಿನ ಹರ್ಟ್ಸ್ ಕತ್ತರಿಸುವ ಫಿಲ್ಟರ್) ಔಟ್‌ನಿಂದ ಟಾಪ್‌ಗೆ ಲೈನ್ ಕೊಟ್ಟು, ಟಾಪ್‌ನ ಮೆನುವಿನಲ್ಲೂ 100 ಹರ್ಟ್ಸ್ ಹೈಪಾಸ್ ಆನ್ ಮಾಡುವುದು ಒಂದು. ಎರಡು ಫಿಲ್ಟರ್ ಸೇರಿ ಫೇಸ್ ತಿರುಗಿ, 100ರ ಹತ್ತಿರ ಹಳ್ಳ ಬೀಳುತ್ತದೆ. ಫಿಲ್ಟರ್ ಒಂದೇ ಕಡೆ ಇರಲಿ: ಸಬ್ಬಿನ ಥ್ರೂನಿಂದ ಪೂರ್ತಿ ಸಿಗ್ನಲ್ ಕೊಟ್ಟು ಟಾಪ್‌ನಲ್ಲಿ ಹೈಪಾಸ್ ಹಾಕಿ, ಇಲ್ಲವೇ ಉಲ್ಟಾ. ಇನ್ನೊಂದು, ಡಿಲೇ ಮರೆಯುವುದು, ಅಂದರೆ ಹತ್ತಿರದ ಬಾಕ್ಸಿನ ಸದ್ದನ್ನು ದೂರದ್ದು ಬಂದು ಸೇರುವಷ್ಟು ತಡಮಾಡದಿರುವುದು. 1 ಮಿಲಿಸೆಕೆಂಡ್ ಎಂದರೆ 34 ಸೆಂ.ಮೀ.; ಸಬ್ ಟಾಪ್‌ಗಿಂತ ಒಂದೂವರೆ ಮೀಟರ್ ಕೇಳುಗರ ಕಡೆ ಇದ್ದರೆ ಸಬ್ಬಿಗೆ 4.4 ಮಿಲಿಸೆಕೆಂಡ್ ಬೇಕು.

ಮೈಕ್ರೋಫೋನ್, ಸಾಫ್ಟ್‌ವೇರ್ ಇಲ್ಲದೆಯೂ ಇದನ್ನು ಹೊಂದಿಸಬಹುದು. ಫೋನಿನ ಟೋನ್ ಜನರೇಟರ್‌ನಿಂದ 100 ಹರ್ಟ್ಸ್ ಕೊಡಿ, ಕ್ರಾಸ್‌ಓವರ್ ಎಷ್ಟಿದೆಯೋ ಅಷ್ಟು. ಮಿಕ್ಸರ್ ಇರುವ ಜಾಗದಲ್ಲಿ ನಿಂತು ಒಂದು ಟಾಪ್ ಮಾತ್ರ, ಸಬ್ ಮಾತ್ರ ಕೇಳಿ ಎರಡರ ಸದ್ದು ಸಮ ಮಾಡಿಕೊಳ್ಳಿ. ಈಗ ಸಬ್ಬಿನ ಪೊಲಾರಿಟಿ (ಕೋನ್ ಒತ್ತುವ-ಎಳೆಯುವ ದಿಕ್ಕು) ತಿರುಗಿಸಿ ಎರಡನ್ನೂ ಒಟ್ಟಿಗೆ ಬಿಡಿ. ಅರ್ಧರ್ಧ ಮಿಲಿಸೆಕೆಂಡ್ ಡಿಲೇ ಏರಿಸುತ್ತ ಹೋದಂತೆ ಒಂದು ಕಡೆ ಸದ್ದು ಇದ್ದಕ್ಕಿದ್ದಂತೆ ಕುಸಿಯುತ್ತದೆ. ಅಲ್ಲಿ ನಿಲ್ಲಿಸಿ ಪೊಲಾರಿಟಿ ವಾಪಸ್ ಹಾಕಿ. ಕುಸಿತ ಹುಡುಕುವುದೇಕೆಂದರೆ ಕಿವಿಗೆ ಏರಿಕೆಗಿಂತ ಅದು ಸ್ಪಷ್ಟವಾಗಿ ತಿಳಿಯುತ್ತದೆ. ಲೆಕ್ಕದ ಡಿಲೇಯಿಂದ ಶುರು ಮಾಡಿ ಅದರ ಆಚೀಚೆ ನಾಲ್ಕೈದು ಮಿಲಿಸೆಕೆಂಡಿನೊಳಗೇ ಹುಡುಕಿ. 10 ಮಿಲಿಸೆಕೆಂಡ್ ಸರಿದರೆ ಒಂದಿಡೀ ತರಂಗ ಸರಿದು ಸುಳ್ಳು ಉತ್ತರ ಬರುತ್ತದೆ.

ಟಾಪ್ ಎತ್ತರ: ಕೂತ ಜನರ ಕಿವಿ ನೆಲದಿಂದ 1.2 ಮೀಟರ್. ಹಾರ್ನ್ 2.3 ಮೀಟರಿಗೆ ಇಟ್ಟು ಕೊನೆಯ ಸಾಲಿನ ತಲೆಗಳಿಗೆ ಗುರಿ ಮಾಡಿದರೆ, ಒಂದೂವರೆ ಮೀಟರ್ ದೂರದ ಮುಂದಿನ ಮೇಜು ಆ ಗುರಿಯ ಗೆರೆಯಿಂದ ಸುಮಾರು 30 ಡಿಗ್ರಿ ಕೆಳಗಿರುತ್ತದೆ. ಲಂಬವಾಗಿ 60 ಡಿಗ್ರಿ ಹರಡುವ ಹಾರ್ನಿಗೆ ಅದೇ ಅಂಚು, ಅಲ್ಲಿ ಸುಮಾರು 6 ಡಿಬಿ ತಾನೇ ತಗ್ಗುತ್ತದೆ. ಮುಂದಿನವರ ಕಿವಿ ಉಳಿಯಿತು, ಹಿಂದಿನವರಿಗೆ ಕೇಳಿತು. ಸಬ್ ಮೇಲೆ ಪೋಲ್ ನಿಲ್ಲಿಸುವುದಾದರೆ 35 ಮಿ.ಮೀ. ತೂತಿಗಿಂತ ಎಂ20 ತಿರುಪಿನ ಪೋಲ್ ಗಟ್ಟಿ, ಅಲ್ಲಾಡದು. ಆದರೆ ಸಬ್ಬಿನ ಒಳ್ಳೆಯ ಜಾಗ ಮತ್ತು ಟಾಪ್‌ನ ಒಳ್ಳೆಯ ಜಾಗ ಒಂದೇ ಆಗಿರುವುದು ಅಪರೂಪ. ಬೇರೆ ಸ್ಟ್ಯಾಂಡ್ ತನ್ನಿ.

ಕಾಲಂ ಸ್ಪೀಕರ್, ಅಂದರೆ ಪುಟ್ಟ ಸ್ಪೀಕರುಗಳನ್ನು ಕಂಬದಂತೆ ಜೋಡಿಸಿದ ಬಾಕ್ಸಿನ ಬಗ್ಗೆಯೂ ಒಂದು ಮಾತು. 2003ರಲ್ಲಿ ಬೋಸ್ ಎಲ್1 ಬಂದಂದಿನಿಂದ ಈ ಜಾತಿ ಬೆಳೆದಿದೆ. ಆರ್‌ಸಿಎಫ್ ಇವಾಕ್ಸ್ 8ರಲ್ಲಿ ಎರಡಿಂಚಿನ ಎಂಟು ಡ್ರೈವರ್, ಕೆಳಗೆ ಹನ್ನೆರಡಿಂಚಿನ ಸಬ್. ಮೇಲೆ-ಕೆಳಗೆ ಕಡಿಮೆ, ಬದಿಗೆ ಹೆಚ್ಚು ಹರಡುವುದರಿಂದ ಚಾವಣಿಯ ಪ್ರತಿಧ್ವನಿ ಕಡಿಮೆ. ಮಾತು, ಸುಗಮ ಸಂಗೀತ, ಹರಿಕಥೆಗೆ ನಮ್ಮ ಮೊದಲ ಆಯ್ಕೆ ಇದೇ. ಅಕೌಸ್ಟಿಕ್ ಡ್ರಮ್ ಕಿಟ್ ಬಂದರೆ ಆ ಪುಟ್ಟ ಡ್ರೈವರುಗಳು ಸೋಲುತ್ತವೆ.

ಮೈಕ್ ಕುಂಯ್ ಎನ್ನುವುದಕ್ಕೆ ಬಾಕ್ಸ್ ಬದಲಾಯಿಸಿದರೆ ಉಪಯೋಗವಿಲ್ಲ. ಆನ್ ಇರುವ ಮೈಕು ದುಪ್ಪಟ್ಟಾದಂತೆಲ್ಲ, ಕುಂಯ್ ಎನ್ನದೆ ಏರಿಸಬಹುದಾದ ಸದ್ದಿನಲ್ಲಿ 3 ಡಿಬಿ ಕೈತಪ್ಪುತ್ತದೆ. ನಾಲ್ಕು ಮೈಕ್ ತೆರೆದಿಟ್ಟರೆ ಒಂದಿದ್ದಾಗಿನದಕ್ಕಿಂತ 6 ಕಡಿಮೆ. ಶೂರ್ ಎಸ್‌ಎಂ58ರಂಥ ಕಾರ್ಡಿಯಾಯ್ಡ್ (ಮುಂದಿನದನ್ನು ಹಿಡಿದು ಬೆನ್ನ ಕಡೆಗೆ ಕಿವುಡಾಗಿರುವ) ಮೈಕಿಗೆ ಮಾನಿಟರ್ (ಹಾಡುವವರ ಕಡೆ ತಿರುಗಿಸಿಟ್ಟ ಬಾಕ್ಸ್) ನೇರ ಬೆನ್ನಿಗೆ ಇರಬೇಕು. ಸೂಪರ್‌ಕಾರ್ಡಿಯಾಯ್ಡ್ ಆದರೆ ಕಿವುಡು ಜಾಗ ಸುಮಾರು 126 ಡಿಗ್ರಿಗೆ, ಆದ್ದರಿಂದ ಮಾನಿಟರ್ ಓರೆಯಾಗಿ ಬದಿಗೆ. ಸಬ್ಬಿಗೆ ಸಿಗ್ನಲ್ಲನ್ನು ಮಿಕ್ಸರಿನ ಮೇನ್ ಔಟ್‌ನಿಂದಲ್ಲ, ಆಕ್ಸ್‌ನಿಂದ (ಬೇಕಾದ ಚಾನೆಲ್ ಮಾತ್ರ ಕಳಿಸಬಹುದಾದ ಬೇರೆ ಔಟ್) ಕೊಡಿ: ಕಿಕ್, ಬೇಸ್, ಕೀಬೋರ್ಡ್, ಟ್ರ್ಯಾಕ್ ಮಾತ್ರ ಅಲ್ಲಿಗೆ ಹೋಗಲಿ. ಕರ್ನಾಟಕ ಸಂಗೀತದ ಕಛೇರಿಯಾದರೆ ಮೃದಂಗದ ಎಡಗಡೆಯ ಮೈಕ್ ಒಂದೇ, ಅದೂ ಹಗುರಾಗಿ. ಹಾಡುವವರ ಮೈಕಿಗೆ 100–120 ಹರ್ಟ್ಸ್ ಹೈಪಾಸ್ ಹಾಕಿದರೆ ಸ್ಟೇಜಿನ ದಡಬಡ ಒಳಗೆ ಬರುವುದಿಲ್ಲ. ಯಕ್ಷಗಾನದ ಚೆಂಡೆಗೆ ಚಿಕ್ಕ ಜಾಗದಲ್ಲಿ ಮೈಕೇ ಬೇಡ, ಭಾಗವತರ ಮೈಕಿನಲ್ಲಿ ಬರುವುದೇ ಜಾಸ್ತಿ.

ಕರೆಂಟಿನಲ್ಲಿ ಮುಖ್ಯವಾದದ್ದು: ಎಲ್ಲ ಆಡಿಯೋ ಒಂದೇ ಕರೆಂಟ್ ಫೇಸ್‌ನಲ್ಲಿರಲಿ. ಎರಡು ಟಾಪ್, ಎರಡು ಸಬ್ಬಿಗೆ 16 ಆಂಪಿಯರಿನ ಒಂದು ಸಾಕೆಟ್ ಸಾಮಾನ್ಯವಾಗಿ ಸಾಕು. ಎಕ್ಸ್‌ಟೆನ್ಷನ್ 2.5 ಚ.ಮಿ.ಮೀ. ವೈರಿನದು, ಸುರುಳಿ ಪೂರ್ತಿ ಬಿಚ್ಚಿ ಹಾಸಿ. ಸುತ್ತಿದ್ದರೆ ಕಾದು ಕರಗುತ್ತದೆ. ಹಮ್ ಬಂತೆಂದು ಅರ್ಥ್ ಪಿನ್ ಕಿತ್ತು ಹಾಕುವವರಿದ್ದಾರೆ, ಮೈಕ್ ತುಟಿಗೆ ತಾಗಿಸುವ ಹಾಡುಗಾರರ ಜೀವದ ಜೊತೆ ಆಟ ಅದು. ಡಿಐ ಬಾಕ್ಸಿನ (ವಾದ್ಯವನ್ನು ಮಿಕ್ಸರಿಗೆ ಜೋಡಿಸುವ ಪೆಟ್ಟಿಗೆ) ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ, ಲ್ಯಾಪ್‌ಟಾಪಿಗೆ ಐಸೋಲೇಟರ್ ಹಾಕಿ. ಹಮ್ ಅಲ್ಲದೆ ಬರೀ ಹಿಸ್ ಇದ್ದರೆ ಬೆನ್ನಿನ ಸ್ವಿಚ್ ‘ಮೈಕ್’ ಮೇಲಿದೆಯೇ ನೋಡಿ, ‘ಲೈನ್’ಗೆ ತನ್ನಿ.

ಅಕ್ಕಪಕ್ಕದವರ ದೂರು ಬಹುಪಾಲು ಸಬ್ಬಿನದೇ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಿತಿ 45 ಡಿಬಿ ಎ, ವಾಣಿಜ್ಯ ಪ್ರದೇಶಕ್ಕೆ 55. ಕಿವಿಗೆ ಕೇಳುವ ಹದಕ್ಕೆ ತೂಗುವ ಆ ‘ಎ’ ಮಾಪನ 50 ಹರ್ಟ್ಸ್‌ನಲ್ಲಿ 30 ಡಿಬಿ ಕಡಿಮೆ ತೋರಿಸುತ್ತದೆ. ಮೀಟರ್ ಸರಿ ಎನ್ನುತ್ತದೆ, ಮೇಲಿನ ಮನೆಯವರ ಕಿಟಕಿ ನಡುಗುತ್ತಿರುತ್ತದೆ. ಹತ್ತರ ನಂತರ ಸಬ್ಬಿಗೆ 50ಕ್ಕೆ ಹೈಪಾಸ್ ಹಾಕಿ 6 ಡಿಬಿ ಇಳಿಸಿ, ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಸಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಪ್ಯಾಸಿವ್ (ಒಳಗೆ ಆಂಪ್ಲಿಫೈಯರ್ ಇಲ್ಲದ) ಬಾಕ್ಸಾದರೆ ಗ್ರಿಲ್ ಬಿಚ್ಚಿಸಿ. ಎರಡೂ ಕೈಯ ಬೆರಳುಗಳಿಂದ ಕೋನ್ ಅನ್ನು ಸಮನಾಗಿ ಒಳಗೆ ಒತ್ತಿ. ಕರಕರ ಎಂದರೆ ಕಾಯಿಲ್ ಸುಟ್ಟಿರಬಹುದು ಇಲ್ಲವೇ ಓರೆಯಾಗಿ ಉಜ್ಜುತ್ತಿರಬಹುದು. ಟ್ವೀಟರ್ ತಂತಿ ಬಿಡಿಸಿ ಮಲ್ಟಿಮೀಟರ್ ಹಿಡಿದರೆ 8 ಓಮಿನ ಡಯಾಫ್ರಮ್ಮಿಗೆ ಸುಮಾರು 6 ತೋರಿಸಬೇಕು, ಏನೂ ತೋರಿಸದಿದ್ದರೆ ಹೋಗಿದೆ. ಆಕ್ಟಿವ್ ಬಾಕ್ಸಾದರೆ ಪಿಂಕ್ ನಾಯ್ಸ್ (ಎಲ್ಲ ಹರ್ಟ್ಸ್ ಇರುವ ಜೋಗದಂಥ ಪರೀಕ್ಷೆಯ ಸದ್ದು) ಸಣ್ಣದಾಗಿ ಹಾಕಿ ಕಿವಿ ಹಾರ್ನಿಗೆ ಹಚ್ಚಿ ಕೇಳಿ, ಆಮೇಲೆ ಅರ್ಧ ಗಂಟೆ ಜೋರಾಗಿ ಓಡಿಸಿ. ಕರಾವಳಿಯಿಂದ ಬಂದ ಪೆಟ್ಟಿಗೆಯಾದರೆ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಮೈಕ್ ಕೇಬಲ್ ಸಿಕ್ಕಿಸುವ) ಸಾಕೆಟ್ ಒಳಗೆ ಟಾರ್ಚ್ ಬಿಟ್ಟು ನೋಡಿ: ಹಸಿರು ಕಿಲುಬು ಕಂಡರೆ ಒಳಗಿನ ಬೋರ್ಡಿನ ಮೇಲೂ ಇರುವ ಸಂಭವ ಹೆಚ್ಚು, ಬೆಲೆ ಎಷ್ಟೇ ಇಳಿಸಿದರೂ ಬಿಟ್ಟುಬಿಡಿ.