ಮರುಮದುವೆ ಆಗಿದ್ದೀರಾ, ಫಾದರ್?

ಬೆರಳಚ್ಚಿನ ಮೆಷಿನ್ ಐದನೇ ಸಲವೂ ಒಪ್ಪಲಿಲ್ಲ. ಬಲಗೈ ಹೆಬ್ಬೆರಳು, ತೋರುಬೆರಳು, ಆಮೇಲೆ ಎಡಗೈಯದ್ದು, ಒದ್ದೆ ಬಟ್ಟೆಯಲ್ಲಿ ಒರೆಸಿ ಇನ್ನೊಮ್ಮೆ. ಏನು ಮಾಡಿದರೂ ಆಗಲೇ ಇಲ್ಲ. "ಸಾರಿ ಫಾದರ್, ವಯಸ್ಸಾದ ಮೇಲೆ ಬೆರಳಿನ ಗೆರೆ ಸವೆದು ಹೋಗುತ್ತದೆ" ಅಂದೆ. ಅವರು ತಮ್ಮ ಬೆರಳನ್ನು ಹತ್ತಿರ ತಂದು ನೋಡಿಕೊಂಡರು. "ಮೆಷಿನ್ನಿದು ತಪ್ಪಿಲ್ಲ ಮಾರಾಯ್ತಿ. ನಾನು ಇಪ್ಪತ್ತನೇ ವರ್ಷಕ್ಕೇ ಸತ್ತವ. ಅದಕ್ಕೆ ಹೇಗೋ ಗೊತ್ತಾಗಿದೆ" ಅಂದರು.

ಪಕ್ಕದ ಕುರ್ಚಿಯಲ್ಲಿದ್ದ ಇನ್ನೊಬ್ಬ ಮುದುಕ ಪಾದ್ರಿಗಳು ಜೋರಾಗಿ ನಕ್ಕರು. ನಾನೂ ನಕ್ಕೆ. ಅರ್ಥವಾಗಿ ನಕ್ಕದ್ದಲ್ಲ.

ನವೆಂಬರ್ ಬಂದರೆ ನಮಗೆ ಇದೇ ಕೆಲಸ. ಪಿಂಚಣಿ ತೆಗೆದುಕೊಳ್ಳುವವರೆಲ್ಲ ತಾವು ಬದುಕಿದ್ದೇವೆ ಎಂದು ವರ್ಷಕ್ಕೊಮ್ಮೆ ತೋರಿಸಬೇಕು. ಬ್ಯಾಂಕಿಗೆ ಬರಲಾಗದವರ ಮನೆಗೆ ನಾವೇ ಹೋಗುತ್ತೇವೆ. ಈ ವಾರ ನನ್ನ ಪಾಲಿಗೆ ಬಂದದ್ದು ಮಂಗಳೂರಿನಲ್ಲಿ ಜೆಸ್ವಿತ್ ಎಂಬ ಕ್ಯಾಥೊಲಿಕ್ ಸಭೆಯ ಪಾದ್ರಿಗಳಲ್ಲಿ ವಯಸ್ಸಾದವರು ಇರುವ ಮನೆ. ಪಟ್ಟಿಯಲ್ಲಿ ಇವರ ಹೆಸರು ನೋಡಿದಾಗಲೇ ಹೊಟ್ಟೆಯಲ್ಲಿ ಒಂಥರಾ ಆಗಿತ್ತು. ಪಿಯುಸಿಯಲ್ಲಿ ನಮಗೆ ಗಣಿತ ಮಾಡಿದವರು. ಸತ್ಯ ಹೇಳಬೇಕೆಂದರೆ ನನಗೆ ಅವರು ಇಷ್ಟ ಇರಲಿಲ್ಲ. ಉತ್ತರ ಪತ್ರಿಕೆ ಕೊಡುವಾಗ ಅಂಕವನ್ನು ಇಡೀ ಕ್ಲಾಸಿಗೆ ಕೇಳುವ ಹಾಗೆ ಓದುತ್ತಿದ್ದರು. ಇಪ್ಪತ್ತೈದರಲ್ಲಿ ನನಗೆ ನಾಲ್ಕು ಬಂದ ದಿನ "ನಾಲ್ಕು" ಎಂದು ಹೇಳಿ, ಸ್ವಲ್ಪ ತಡೆದು, ಆಮೇಲೆ ನನ್ನ ಹೆಸರು ಹೇಳಿದ್ದರು. ಆ ತಡೆದದ್ದು ಇವತ್ತಿಗೂ ನೆನಪಿದೆ. ಹಾಗಂತ ಫೇಲಾಗುವವರನ್ನೆಲ್ಲ ಬೆಳಿಗ್ಗೆ ಏಳು ಗಂಟೆಗೆ ಜಗಲಿಯಲ್ಲಿ ಕೂರಿಸಿ ಒಂದು ಪೈಸೆ ಇಲ್ಲದೆ ಪಾಠ ಮಾಡಿದವರೂ ಅವರೇ. ನಾನು ಬ್ಯಾಂಕ್ ಪರೀಕ್ಷೆ ಪಾಸಾದದ್ದು ಆ ಜಗಲಿಯಿಂದಲೇ ಇರಬೇಕು. ಇದನ್ನು ಒಪ್ಪಿಕೊಳ್ಳಲು ನನಗೆ ಈಗಲೂ ಸ್ವಲ್ಪ ಕಷ್ಟ.

ಅವರಿಗೆ ನನ್ನ ನೆನಪೇ ಇರಲಿಲ್ಲ. "ನಾನು ನಿಮ್ಮ ಸ್ಟೂಡೆಂಟ್ ಫಾದರ್, ನಿಮ್ಮ ಕೊನೆಯ ಬ್ಯಾಚ್" ಅಂದರೆ, "ಹೌದಾ, ಎಷ್ಟೋ ಜನ" ಅಂದರು ಅಷ್ಟೇ. ಸಿನಿಮಾದಲ್ಲಾದರೆ ಹೆಸರು ಹಿಡಿದು ಕರೆದು ತಲೆ ಸವರುತ್ತಿದ್ದರು.

ಬೆರಳು ಆಗದಿದ್ದರೆ ಮುಖದ ಫೋಟೋ ತೆಗೆಯುವ ಆ್ಯಪ್ ಉಂಟು. ಅದಕ್ಕೂ ಮೊದಲು ಕೆಲವು ಪ್ರಶ್ನೆ ಬರುತ್ತವೆ. ಅದರಲ್ಲೊಂದು, ಮರುಮದುವೆ ಆಗಿದ್ದೀರಾ ಎಂಬುದು. ವಿಧವೆಯರ ಪಿಂಚಣಿಗೆಂದು ಇಟ್ಟದ್ದಿರಬೇಕು, ಆದರೆ ಎಲ್ಲರಿಗೂ ಬರುತ್ತದೆ. ನಾನು ಕೇಳದೆಯೇ 'ಇಲ್ಲ' ಒತ್ತಲು ಹೋದೆ. "ಎಂತ ಕೇಳ್ತಾ ಉಂಟು ಅದು?" ಎಂದು ಮುಂದೆ ಬಗ್ಗಿದರು. ಹೇಳಲೇಬೇಕಾಯಿತು. ಮುಖದಲ್ಲಿ ಒಂದಿಷ್ಟೂ ನಗೆ ಇಲ್ಲದೆ, "ಮೊದಲನೆಯದ್ದು ಯಾವಾಗ ಆಯಿತು ಅಂತ ಕೇಳು" ಅಂದರು. ಮುಂದಿನ ಪ್ರಶ್ನೆ, ನಿವೃತ್ತಿಯ ನಂತರ ಮತ್ತೆ ಉದ್ಯೋಗಕ್ಕೆ ಸೇರಿದ್ದೀರಾ. "ಬಿಟ್ಟದ್ದು ಯಾವಾಗ?" ಅಂದರು. ಎರಡಕ್ಕೂ 'ಇಲ್ಲ' ಒತ್ತಿದೆ. ಸರ್ಕಾರಕ್ಕೆ ಬೇಕಾದ ಉತ್ತರ ಅಷ್ಟೇ.

ಆಮೇಲೆ ಸರ್ವರ್ ನಿಂತಿತು. ಸುತ್ತುತ್ತಿರುವ ಆ ಬಳೆಯನ್ನು ನೋಡುತ್ತಾ ಇಬ್ಬರೂ ಸುಮ್ನೆ ಕೂತೆವು. ಮಾತಾಡಲು ಏನಾದರೂ ಬೇಕಲ್ಲ. "ಸತ್ತವ ಅಂದಿರಲ್ಲ ಫಾದರ್, ಅದೇನು?" ಎಂದು ಕೇಳಿದೆ.

ಅವರು ಹೇಳಿದ್ದು ಇಷ್ಟು. ನೊವಿಷಿಯೇಟ್ ಎಂಬ ಎರಡು ವರ್ಷದ ಮೊದಲ ತರಬೇತಿ ಮುಗಿದ ಮೇಲೆ ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂದು ಮೂರು ವ್ರತ. ಬಡತನ ದೊಡ್ಡದಲ್ಲ, ಮೊದಲೇ ಬಡವರು. ಬ್ರಹ್ಮಚರ್ಯದ ಬಗ್ಗೆ ಜನ ಜಾಸ್ತಿ ಯೋಚಿಸುತ್ತಾರೆ, ಅವರು ಅಷ್ಟು ಯೋಚಿಸಿದ್ದಿಲ್ಲವಂತೆ. ಮೂರನೆಯದ್ದೇ ವಿಷಯ. ಜೆಸ್ವಿತ್ ಸಭೆ ಕಟ್ಟಿದ ಸಂತ ಇಗ್ನಾಸಿಯವರು ನಿಯಮದಲ್ಲಿ ಎರಡು ಹೋಲಿಕೆ ಕೊಟ್ಟಿದ್ದಾರೆ. ವಿಧೇಯನಾದವನು ಹೆಣದ ಹಾಗಿರಬೇಕು, ಎಲ್ಲಿಗೆ ಎತ್ತಿಕೊಂಡು ಹೋದರೂ ಹೋಗಬೇಕು. ಇಲ್ಲವೇ ಮುದುಕನ ಕೈಯಲ್ಲಿರುವ ಕೋಲಿನ ಹಾಗೆ, ಹಿಡಿದವನಿಗೆ ಬೇಕಾದಲ್ಲಿ ಬೇಕಾದಂತೆ. ಇಷ್ಟು ಹೇಳಿ ಗೋಡೆಗೆ ಒರಗಿಸಿದ್ದ ತಮ್ಮ ಕೋಲನ್ನು ತೋರಿಸಿ, "ಈಗ ಮುದುಕನೂ ನಾನೇ. ಪ್ರಮೋಷನ್" ಅಂದರು.

"ನಿಮಗೆ ನಿಜವಾಗಿ ಏನಾಗಬೇಕು ಅಂತ ಇತ್ತು?" ಎಂದು ಕೇಳಿದೆ. ಕೇಳಬಾರದಿತ್ತೇನೋ.

ನಕ್ಷತ್ರ ನೋಡಬೇಕು ಅಂತ ಇತ್ತಂತೆ. ಖಗೋಳ ಓದಬೇಕು. ಜೆಸ್ವಿತರಲ್ಲಿ ಅದು ವಿಚಿತ್ರದ ಆಸೆಯೇನಲ್ಲ. ವ್ಯಾಟಿಕನ್ನಿನ ವೀಕ್ಷಣಾಲಯ ನಡೆಸುವವರೂ ಜೆಸ್ವಿತರೇ. ಆಗ ನನಗೆ ಕ್ಲಾಸು ನೆನಪಾಯಿತು. 1582ರಲ್ಲಿ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಬಂತು ಎಂದು ಬೋರ್ಡಿನಲ್ಲಿ ಬರೆದು, ನಡುವಿನ ಹತ್ತು ದಿನ ಎಲ್ಲಿ ಹೋಯಿತು ಹೇಳಿ ಎಂದು ಕೇಳಿದ್ದರು. ಹಳೆಯ ಕ್ಯಾಲೆಂಡರಿನ ತಪ್ಪು ಸರಿಮಾಡುವ ಲೆಕ್ಕದಲ್ಲಿ ಕ್ಲಾವಿಯಸ್ ಎಂಬ ಜೆಸ್ವಿತ್ ಪಾದ್ರಿಯ ಕೈ ಇತ್ತು ಎಂದು ಹೇಳುವಾಗ ಮಾತ್ರ ಅವರ ದನಿ ಬೇರೆಯಾಗುತ್ತಿತ್ತು. ನಮಗೆ ಅದು ಸಿಲಬಸ್ಸಿನಲ್ಲಿ ಇಲ್ಲದ ವಿಷಯ, ಹಾಗಾಗಿ ಪೆನ್ನು ಕೆಳಗಿಟ್ಟು ಹರಟುವ ಹೊತ್ತು.

ಖಗೋಳ ಸಿಗಲಿಲ್ಲ. ಹನ್ನೆರಡು ವರ್ಷ ಹಾಸ್ಟೆಲ್ ವಾರ್ಡನ್. ಹುಡುಗರ ಗಂಜಿ, ತುರಿಕಜ್ಜಿ, ಕದ್ದು ಸಿನಿಮಾಕ್ಕೆ ಹೋದವರ ಲೆಕ್ಕ. ಆಮೇಲೆ ಹಳ್ಳಿಯೊಂದರ ಶಾಲೆಗೆ ಹೆಡ್‌ಮಾಸ್ಟರ್. ಆಮೇಲೆ ನಮ್ಮ ಕಾಲೇಜು.

ಆ ಹಳ್ಳಿಯಲ್ಲಿದ್ದಾಗಲೇ 1980ರ ಫೆಬ್ರವರಿ 16ರ ಖಗ್ರಾಸ ಸೂರ್ಯಗ್ರಹಣ ಬಂದದ್ದು. ನೆರಳು ಅಂಕೋಲದ ಕಡೆಯಿಂದ ಒಳಗೆ ಬಂದು ರಾಯಚೂರು ದಾಟಿ ಹೋಯಿತು. ಪ್ರಪಂಚದ ಎಲ್ಲೆಲ್ಲಿಂದಲೋ ವಿಜ್ಞಾನಿಗಳು ಕರ್ನಾಟಕಕ್ಕೆ ಬಂದಿದ್ದರು. ಇವರಿದ್ದ ಊರಿನಿಂದ ಅಂಕೋಲಕ್ಕೆ ಒಂದು ದಿನದ ಬಸ್ ದಾರಿ. ಮೂರು ತಿಂಗಳು ಮುಂಚೆಯೇ ಮೇಲಿನವರಿಗೆ ಪತ್ರ ಬರೆದಿದ್ದರಂತೆ. ಶನಿವಾರ ಒಂದು ದಿನ ರಜೆ, ಬಸ್ ಖರ್ಚು.

"ಕೇಳಿದೆ. ಬೇಡ ಅಂದರು. ಅಷ್ಟೇ."

ಈ ಮಾತನ್ನು ಅವರು ಹೇಳಿದ ರೀತಿಯೇ ನನ್ನನ್ನು ಇಡೀ ವಾರ ಬಿಟ್ಟಿಲ್ಲ. ಸಿಟ್ಟಿಲ್ಲ, ತ್ಯಾಗ ಮಾಡಿದೆ ಎಂಬ ಬಿಂಕವೂ ಇಲ್ಲ. ಹಾಲು ಮುಗಿದಿದೆ ಎನ್ನುವ ಹಾಗೆ. ಯಾಕೆ ಬೇಡ ಅಂದರು ಎಂದು ಕೇಳಿದೆ. ಆ ದಿನ ಶಾಲೆಯಲ್ಲಿ ಏನೋ ಸಭೆ ಇತ್ತಂತೆ. ಮತ್ತೊಮ್ಮೆ ಕೇಳಲಿಲ್ಲವಾ ಎಂದೆ. "ಒಮ್ಮೆ ಕೇಳಬಹುದು. ಎರಡನೇ ಸಲ ಕೇಳಿದರೆ ಅದು ಕೇಳುವುದಲ್ಲ" ಅಂದರು.

ಆ ಮಧ್ಯಾಹ್ನ ಊರೆಲ್ಲ ಬಾಗಿಲು ಹಾಕಿಕೊಂಡು ಒಳಗೆ ಕೂತಿತ್ತು. ಸಭೆಗೂ ಯಾರೂ ಬರಲಿಲ್ಲ! ಇವರು ಮತ್ತು ಹಾಸ್ಟೆಲಿನ ಅಡುಗೆಯವ ಇಬ್ಬರೇ ಅಂಗಳದ ಗೇರುಮರದ ಕೆಳಗೆ ನಿಂತರಂತೆ. ಅಲ್ಲಿ ಪೂರ್ತಿ ಹಿಡಿಯಲಿಲ್ಲ, ಮುಕ್ಕಾಲಿಗಿಂತ ಜಾಸ್ತಿ ಮುಚ್ಚಿತ್ತು. ಎಲೆಗಳ ಸಂದಿಯಿಂದ ನೆಲಕ್ಕೆ ಬೀಳುವ ಬೆಳಕಿನ ಚುಕ್ಕಿಗಳೆಲ್ಲ ಕುಡುಗೋಲಿನ ಹಾಗೆ ಆಗಿದ್ದವಂತೆ. ನೂರಾರು ಸಣ್ಣ ಸಣ್ಣ ಕುಡುಗೋಲು. ಅಡುಗೆಯವ ಹೆದರಿ ಅವುಗಳ ಮೇಲೆ ಕಾಲಿಡದೆ ಹಾರಿ ಹಾರಿ ಒಳಗೆ ಓಡಿದನಂತೆ. ಇದನ್ನು ಹೇಳುವಾಗ ಮಾತ್ರ ಫಾದರ್ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು.

ಸಮಾಧಾನ ಮಾಡುವ ಚಪಲ ನನಗೆ. "2019ರ ಡಿಸೆಂಬರಿನಲ್ಲಿ ಇಲ್ಲೇ ಹತ್ತಿರ ಚೆರುವತ್ತೂರಲ್ಲಿ ಚೆನ್ನಾಗಿ ಕಾಣಿಸಿತಲ್ಲ ಫಾದರ್?" ಅಂದೆ. ಪಟ್ಟನೆ ಹಳೆಯ ಮೇಷ್ಟ್ರ ಮುಖ ಬಂತು. "ಅದು ಕಂಕಣ. ಕಂಕಣ ಬೇರೆ, ಖಗ್ರಾಸ ಬೇರೆ." ಇಪ್ಪತ್ತೈದರಲ್ಲಿ ನಾಲ್ಕು.

ವಿಧೇಯತೆ ಎನ್ನುವುದು ಆಳುವವರಿಗೆ ತುಂಬಾ ಅನುಕೂಲವಾದ ಗುಣ. ಒಬ್ಬ ಹುಡುಗನಿಗೆ ಯಾವುದರಲ್ಲಿ ಒಲವು ಇದೆ ಎಂದು ನೋಡದೆ ಗಂಜಿ ಲೆಕ್ಕಕ್ಕೆ ಕೂರಿಸಿದವರ ಮೇಲೆ ನನಗೆ ಸಿಟ್ಟು ಬಂತು, ಈಗಲೂ ಇದೆ. ಎರಡು ನಿಮಿಷ ಚಿಲ್ಲರೆಯ ಕತ್ತಲೆ ನೋಡಲು ಒಂದು ದಿನ ಬಿಟ್ಟಿದ್ದರೆ ಜೆಸ್ವಿತ್ ಸಭೆಗೆ ಏನು ನಷ್ಟವಾಗುತ್ತಿತ್ತು? ಪಾದ್ರಿಗಳೆಂದರೆ ಮತಾಂತರ ಮಾಡುವವರು ಎಂದು ಬೈಯುವವರನ್ನೂ, ಕ್ರಿಶ್ಚಿಯನ್ ಶಾಲೆಯ ಶಿಸ್ತೇ ಶಿಸ್ತು ಎಂದು ಹೊಗಳಿ ಡೊನೇಷನ್‌ಗೆ ಸಾಲ ಕೇಳಲು ನಮ್ಮ ಬ್ಯಾಂಕಿಗೆ ಬರುವವರನ್ನೂ ನಾನು ನೋಡುತ್ತಿರುತ್ತೇನೆ. ಎರಡೂ ಕಡೆಯವರು ಒಬ್ಬ ಪಾದ್ರಿಯ ಜೊತೆ ಅರ್ಧ ಗಂಟೆ ಕೂತವರಲ್ಲ. ಎರಡು ವರ್ಷದಲ್ಲಿ ನಮ್ಮ ಫಾದರ್ ನನ್ನ ಹತ್ತಿರ ದೇವರ ಸುದ್ದಿ ಎತ್ತಿದ್ದಿಲ್ಲ. ಎತ್ತಿದ್ದೆಲ್ಲ ತ್ರಿಕೋನಮಿತಿಯ ಸುದ್ದಿ.

ಆ ಮನೆಯ ಪಡಸಾಲೆಯ ಗೋಡೆಯಲ್ಲಿ ಗಡ್ಡದ ಇಟಾಲಿಯನ್ ಪಾದ್ರಿಗಳ ಹಳೆಯ ಫೋಟೋಗಳಿವೆ. ಇಟಲಿಯ ಜೆಸ್ವಿತರು ಮಂಗಳೂರಿಗೆ ಬಂದಿಳಿದದ್ದು 1878ರ ಡಿಸೆಂಬರ್ 31ರಂದು. ವರ್ಷದ ಕೊನೆಯ ದಿನ, ಕಂಡು ಕೇಳದ ಊರು. 1880ಕ್ಕೆ ಸೇಂಟ್ ಅಲೋಶಿಯಸ್ ಕಾಲೇಜು ಶುರು. ಅವರಲ್ಲೊಬ್ಬರು ಮಾಫೆಯಿ, ನಾಲ್ಕೇ ವರ್ಷದಲ್ಲಿ ಕೊಂಕಣಿ ಕಲಿತು 1882ರಲ್ಲಿ ಅದರ ವ್ಯಾಕರಣ ತಂದರು, ಮರುವರ್ಷ ನಿಘಂಟು. ಅಚ್ಚಾದದ್ದು ಪ್ರೊಟೆಸ್ಟೆಂಟರ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ. ಮೇಲೆ ಎಷ್ಟು ಜಗಳವಿದ್ದರೂ ಅಚ್ಚಿನ ಮೊಳೆ ಅವರ ಹತ್ತಿರ ಇತ್ತು, ಅಷ್ಟೇ. ಆ ಕಾಲೇಜಿನ ಚಾಪೆಲ್ಲಿನ ಗೋಡೆ ತುಂಬಾ ಚಿತ್ರ ಬರೆದ ಬ್ರದರ್ ಮೊಸ್ಕೇನಿಯವರನ್ನು ಇಲ್ಲಿ ಮುಗಿದ ಮೇಲೆ ಬೇರೆ ಊರಿಗೆ ಕಳಿಸಿದರು, 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಇವರೆಲ್ಲ ಏನು ಕೇಳಿದ್ದರೋ, ಯಾರು ಬೇಡ ಅಂದಿದ್ದರೋ. ಮೊಸ್ಕೇನಿಗೆ ಬ್ರಷ್ ಕೊಟ್ಟರು, ನಮ್ಮ ಫಾದರಿಗೆ ದೂರದರ್ಶಕ ಕೊಡಲಿಲ್ಲ. ಹೆಣದ ಹಾಗಿರಿ ಎಂದು ಹೇಳುವವರಿಗೆ ಯಾವ ಹೆಣವನ್ನು ಎಲ್ಲಿ ಇಡಬೇಕು ಎಂಬ ಬುದ್ಧಿಯೂ ಇರಬೇಕಲ್ವಾ?

ಹೀಗೆ ಸಿಟ್ಟು ಮಾಡಿಕೊಂಡು ಸ್ಕೂಟರ್ ಓಡಿಸುತ್ತಾ ಬರುವಾಗ ನನ್ನದೇ ನೆನಪಾಯಿತು. ಬ್ಯಾಂಕಿನವರಿಗೆ ವರ್ಗಾವಣೆ ಎಂದರೆ ಏನೆಂದು ಬ್ಯಾಂಕಿನವರಿಗೇ ಗೊತ್ತು. ಪ್ರಮೋಷನ್ ತೆಗೆದುಕೊಂಡರೆ ಊರು ಬಿಡಬೇಕು. ಎರಡು ಸಲ ಕೇಳಿದರು, ಎರಡು ಸಲವೂ ನಾನು ಬೇಡ ಅಂದೆ. ಮಗಳ ಶಾಲೆ ಒಮ್ಮೆ, ಅತ್ತೆಯ ಮಂಡಿ ಇನ್ನೊಮ್ಮೆ. ಎರಡೂ ನಿಜವೇ, ಆದರೆ ಅಷ್ಟೇ ನಿಜವಲ್ಲ. ಹೆದರಿಕೆಯೂ ಇತ್ತು. ಫಾದರ್ ಕೇಳಿದರು, ಬೇಡ ಅನ್ನಿಸಿಕೊಂಡರು. ನನ್ನನ್ನು ಕೇಳಿದರು, ನಾನೇ ಬೇಡ ಅಂದೆ. ನನ್ನ ಬದುಕು ನನ್ನ ಕೈಯಲ್ಲೇ ಇತ್ತು, ಹಿಡಿದುಕೊಂಡು ಇದ್ದಲ್ಲೇ ನಿಂತೆ. ಕೋಲು ಆರು ಊರು ಸುತ್ತಿತು.

ಇದನ್ನು ಫಾದರಿಗೆ ಬೇಡ ಅಂದವರ ಪರವಾಗಿ ಹೇಳುತ್ತಿಲ್ಲ. ಗೇರುಮರದ ಕೆಳಗಿನ ಆ ಮಧ್ಯಾಹ್ನ ನನಗೆ ಈಗಲೂ ಅನ್ಯಾಯವಾಗಿಯೇ ಕಾಣುತ್ತದೆ. ಆದರೆ ಫಾದರಿಗೆ ಹಾಗೆ ಕಾಣುವುದಿಲ್ಲ. ಅವರ ಪರವಾಗಿ ನಾನು ಅಳುವುದು ಎಷ್ಟು ಸರಿ?

ದುಡ್ಡಿನದ್ದೂ ಹೀಗೇ. ಅನುದಾನಿತ ಕಾಲೇಜಿನಲ್ಲಿ ಕಲಿಸುವ ಪಾದ್ರಿಗಳ, ಸಿಸ್ಟರ್‌ಗಳ ಸಂಬಳ ಅವರ ಹೆಸರಿನಲ್ಲೇ ಬರುತ್ತದೆ, ಹೋಗುವುದು ಸಭೆಗೆ. ವ್ರತ ತೆಗೆದುಕೊಂಡವನು ಕಾನೂನಿನ ಕಣ್ಣಿನಲ್ಲಿ ಸತ್ತ ಹಾಗೆ, ಅವನಿಗೆ ಆದಾಯವೆಲ್ಲಿಂದ, ತೆರಿಗೆ ಹಿಡಿಯಬೇಡಿ ಎಂದು ಸುಪ್ರೀಂ ಕೋರ್ಟಿನವರೆಗೂ ವಾದ ಹೋಗಿತ್ತು. 2024ರ ನವೆಂಬರಿನಲ್ಲಿ ಕೋರ್ಟು ಒಪ್ಪಲಿಲ್ಲ. ಸಂಬಳ ಬಂದದ್ದು ಈ ಮನುಷ್ಯನಿಗೆ, ಆಮೇಲೆ ಯಾರಿಗೆ ಕೊಟ್ಟರೆ ಏನು, ಮೂಲದಲ್ಲೇ ತೆರಿಗೆ ಹಿಡಿಯಿರಿ ಎಂದಿತು. ಬ್ಯಾಂಕಿನವಳಾಗಿ ನನಗೆ ಕೋರ್ಟು ಹೇಳಿದ್ದು ಸರಿ ಅನ್ನಿಸುತ್ತದೆ. ಫಾದರಿಗೆ ಹೇಳಿದಾಗ, "ಹಾಗಾದರೆ ತೆರಿಗೆಯವರಿಗೆ ನಾನು ಬದುಕಿದ್ದೇನೆ. ಒಳ್ಳೆಯದಾಯಿತು" ಅಂದರು. ಆಮೇಲೆ ದನಿ ತಗ್ಗಿಸಿ, "ನನಗೆ ಪಿಂಚಣಿ ಎಷ್ಟು ಬರ್ತದೆ?" ಎಂದು ಕೇಳಿದರು. ಹೇಳಿದೆ. ಹುಬ್ಬು ಮೇಲೆ ಹೋಯಿತು. "ಅಷ್ಟಾ?"

ಕೊನೆಗೂ ಸರ್ವರ್ ಬಂತು. ಮುಖಕ್ಕೆ ಫೋನ್ ಹಿಡಿದೆ. ಆ್ಯಪಿನಲ್ಲಿ ಕಣ್ಣು ಮಿಟುಕಿಸಬೇಕು, ಆಗಲೇ ಅದು ಜೀವ ಇರುವ ಮನುಷ್ಯ, ಫೋಟೋ ಅಲ್ಲ ಎಂದು ನಂಬುವುದು. "ಕಣ್ಣು ಮಿಟುಕಿಸಿ ಫಾದರ್" ಅಂದೆ. ಅವರು ಕಣ್ಣು ಅಗಲಿಸಿ ಕ್ಯಾಮೆರಾವನ್ನೇ ದಿಟ್ಟಿಸಿದರು, ಗ್ರಹಣ ನೋಡುವವರ ಹಾಗೆ. "ಮಿಟುಕಿಸಿ ಫಾದರ್." ಇಲ್ಲ. ಮೂರನೇ ಸಲ ಸ್ವಲ್ಪ ಜೋರಾಗಿಯೇ ಹೇಳಿದೆ, ಜಗಲಿಯಲ್ಲಿ ಅವರು ನಮಗೆ ಹೇಳುತ್ತಿದ್ದ ದನಿಯಲ್ಲಿ. ಆಗ ಮಿಟುಕಿಸಿದರು. ಹಸಿರು ಬಂತು.

ಬ್ಯಾಗ್ ಹೆಗಲಿಗೆ ಹಾಕಿಕೊಂಡು "ಬರ್ತೇನೆ ಫಾದರ್" ಅಂದೆ. ನನ್ನ ಹೆಸರು ಕೇಳಿದರು. ಹೇಳಿದೆ. ಅದನ್ನೇ ಸ್ವಲ್ಪ ತಪ್ಪಾಗಿ ಹೇಳಿ, "ಮುಂದಿನ ನವೆಂಬರಿಗೆ ಬಾ. ಮದುವೆಯದ್ದು ಏನಾದರೂ ಉಂಟಾದರೆ ಆಗ ಹೇಳ್ತೇನೆ" ಅಂದರು.