ಸುರಂಗದ ಬಾಯಿ ಮಾತ್ರ ಬರೆದುಕೊಂಡೆ
ಕಾಸರಗೋಡಿನ ಗಡಿಭಾಗದ ಒಂದು ಗ್ರಾಮ ಪಂಚಾಯತಿನ ಜೀವವೈವಿಧ್ಯ ದಾಖಲೆಯನ್ನು, ಅಂದರೆ ಊರಿನ ಮರ, ಪ್ರಾಣಿ, ನೀರಿನ ಮೂಲಗಳನ್ನು ಬರೆದಿಡುವ ಪುಸ್ತಕವನ್ನು, ಪರಿಷ್ಕರಿಸುವ ತಾತ್ಕಾಲಿಕ ಕೆಲಸ ನನ್ನದು. ನಮೂನೆ ಇರುವುದು ಮಲಯಾಳದಲ್ಲಿ; ಮನೆಗಳಲ್ಲಿ ಆಡುವ ಮಾತು ಕನ್ನಡ, ತುಳು, ಬ್ಯಾರಿ, ಮರಾಠಿ. ಹಗಲು ಅಂಗಳದಲ್ಲಿ ಕೂತು ಕೇಳುತ್ತೇನೆ, ಸಂಜೆ ಬರೆಯುತ್ತೇನೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯಾಡಳಿತ ಸಂಸ್ಥೆಯೂ ಒಂದು ನಿರ್ವಹಣಾ ಸಮಿತಿಯನ್ನು ರಚಿಸಬೇಕು. ಆ ಸಮಿತಿ ಊರಿನವರನ್ನು ಕೇಳಿಯೇ ದಾಖಲೆ ಸಿದ್ಧಪಡಿಸಬೇಕೆಂದು 2004ರ ನಿಯಮಗಳು ಹೇಳಿದ್ದವು. ಕೇಳುವುದರಲ್ಲಿ ನಾನು ಹಿಂದೆ ಬಿದ್ದವಳಲ್ಲ. ಎಡವಿದ್ದು ಬರೆಯುವುದರಲ್ಲಿ.

ಮರಗಳ ಪುಟ ನನಗೆ ಇಷ್ಟ. 2023ರಲ್ಲಿ ನಮ್ಮ ಜಿಲ್ಲೆಗೆ ಸ್ವಂತದ ಮರ, ಹೂವು, ಹಕ್ಕಿ, ಪ್ರಾಣಿ ಘೋಷಣೆಯಾದವು, ಕಾಸರಕ ಜಿಲ್ಲಾವೃಕ್ಷವಾಯಿತು. ಆ ಉತ್ಸಾಹದಲ್ಲಿ ಕಾಸರಕದ ಬಗ್ಗೆಯೇ ಎರಡು ಪುಟ ತುಂಬಿಸಿದ್ದೆ. ನೀರಿನ ಪುಟಕ್ಕೆ ಬಂದಾಗ ಕೈ ಸೋತಿತ್ತು. ನನಗೆ ಕೊಟ್ಟಿದ್ದ ಹಾಳೆಯಲ್ಲಿ ಹೊಳೆ, ತೋಡು, ಕೆರೆ, ಬಾವಿಗಳಿಗೆ ಜಾಗವಿತ್ತು, ಸುರಂಗಕ್ಕೆ ಇರಲಿಲ್ಲ. ‘ಇತರೆ’ ಎಂಬಲ್ಲಿ ಸುರಂಗಗಳ ಸಂಖ್ಯೆ ಬರೆದು, ಬಾಯಿ ಇರುವ ಜಾಗವನ್ನು ಮೊಬೈಲಿನಲ್ಲಿ ಗುರುತಿಸಿ ಮುಗಿಸಿದೆ.

ಸುರಂಗ ನೋಡದವರಿಗೆ ಇಷ್ಟು ಹೇಳಬೇಕು. ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಗುಡ್ಡದ ಬದಿಯಿಂದ ಅಡ್ಡಕ್ಕೆ, ಒಬ್ಬ ಮನುಷ್ಯ ನುಗ್ಗುವಷ್ಟು ಅಗಲಕ್ಕೆ, ಒಸರು ಸಿಗುವ ತನಕ ಕೊರೆಯುತ್ತಾ ಹೋಗುತ್ತಾರೆ; ಉದ್ದವನ್ನು ಕೋಲಿನ ಲೆಕ್ಕದಲ್ಲಿ ಅಳೆಯುತ್ತಾರೆ. ಒಳಗೆ ಜಿನುಗುವ ನೀರು ಇಳಿಜಾರಿನಲ್ಲಿ ತಾನಾಗಿ ಹೊರಬಂದು ಟಾಂಕಿಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ಅಂದರೆ ಬಾಯಿ ಎಲ್ಲಿದೆಯೋ ಅಲ್ಲಿ ನೀರು ಹುಟ್ಟುವುದಿಲ್ಲ. ಇಷ್ಟು ಗೊತ್ತಿದ್ದೂ ನಾನು ಬಾಯಿಯನ್ನು ಮಾತ್ರ ಬರೆದುಕೊಂಡೆ.

ಕೆಲವು ತಿಂಗಳ ನಂತರ ಅದೇ ಗುಡ್ಡದ ನೆತ್ತಿಯಲ್ಲಿ ಕೆಂಪುಕಲ್ಲು ಕಡಿದು ತೆಗೆಯುವ ಕೋರೆಗೆ ಅರ್ಜಿ ಬಂತು. ಐದು ಹೆಕ್ಟೇರಿಗಿಂತ ಚಿಕ್ಕ ಕೋರೆಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದ ಮೇಲೆ ಇಂಥ ಅರ್ಜಿಗಳ ಜೊತೆ ದಪ್ಪ ಕಡತ ಬರುತ್ತದೆ. ಕಡತದಲ್ಲಿ ಒಂದು ಸಾಲು: ಹತ್ತಿರದಲ್ಲಿ ನೀರಿನ ಮೂಲಗಳಿಲ್ಲ. ಆಧಾರ, ನಮ್ಮದೇ ದಾಖಲೆ. ಬರೆದವರು ಸುಳ್ಳು ಹೇಳಿರಲಿಲ್ಲ. ನಾನು ಗುರುತಿಸಿದ ಬಾಯಿಗಳಿಂದ ಅಳೆದರೆ ದೂರ ಸರಿಯಾಗಿಯೇ ಇತ್ತು.

ಗ್ರಾಮಸಭೆಯಲ್ಲಿ ಒಬ್ಬ ಅಜ್ಜಿ ಎದ್ದು ನಿಂತರು. “ನಮ್ಮ ಸುರಂಗ ನೂರು ಕೋಲು ಒಳಗೆ ಹೋಗಿದೆ. ಅದರ ತಲೆ ನಿಮ್ಮ ಕೋರೆಯ ಅಡಿಯಲ್ಲಿದೆ. ಇವಳು ಕಾಲು ನೋಡಿ ಹೋದಳು,” ಎಂದು ನನ್ನತ್ತ ಕೈ ತೋರಿಸಿದರು. ಸಭೆ ನಕ್ಕಿತು. ನನಗೂ ನಗು ಬಂತು, ಆದರೆ ಅದು ಬೇರೆ ಬಗೆಯದು.

ಎಲ್ಲಾ ರಾಜ್ಯಗಳೂ 2020ರ ಜನವರಿ 31ರೊಳಗೆ ದಾಖಲೆ ಮುಗಿಸಬೇಕು, ತಪ್ಪಿದರೆ ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಡುವು ಹಾಕಿದಾಗ ದೇಶದ ಎಷ್ಟೋ ಕಡೆ ಅವಸರದ ದಾಖಲೆಗಳು ಹುಟ್ಟಿದವು. ಅವನ್ನು ನಾನೇ ಗೇಲಿ ಮಾಡಿದ್ದೆ. ನನಗಾದರೋ ಅಂಥ ಗಡುವೂ ಇರಲಿಲ್ಲ.

ಸಮಿತಿಗೆ ಕೋರೆಯನ್ನು ತಡೆಯುವ ಅಧಿಕಾರವಿಲ್ಲ. ಇರುವುದು ದಾಖಲೆ ಮತ್ತು ನಿರ್ಣಯ. ಹಾಗಾಗಿ ಮತ್ತೆ ಗುಡ್ಡ ಹತ್ತಿದೆವು. ಸುರಂಗ ಅಗೆಯುವ ಹಿರಿಯರೊಬ್ಬರು ಮೇಣದಬತ್ತಿ ಹಿಡಿದು ಮುಂದೆ ನಡೆದರು. ದೀಪ ಮಂಕಾದರೆ ಗಾಳಿ ಸಾಲದೆಂದು ಅರ್ಥ, ಆಗ ಹಿಂದಿರುಗಬೇಕು. ಹಿಂದೆ ನಾನು, ಹಗ್ಗ ಮತ್ತು ದಿಕ್ಸೂಚಿ. ಒಳಗಿನ ತಿರುವುಗಳನ್ನೆಲ್ಲ ಹೊರಗೆ ಗುಡ್ಡದ ಮೇಲೆ ಸುಣ್ಣದಲ್ಲಿ ಎಳೆದಾಗ ಎರಡು ಗೆರೆಗಳು ಅರ್ಜಿಯ ಜಾಗದೊಳಗೇ ಹೋದವು. ಅಜ್ಜಿಯ ನೂರು ಕೋಲಿನಲ್ಲಿ ನಾಲ್ಕು ಕೋಲು ಕಡಿಮೆ ಬಂತು, ಅಷ್ಟೇ.

ಈ ಸೀಮೆಯವರು ಕಾಗದವನ್ನು ಸುಲಭಕ್ಕೆ ನಂಬುವುದಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುವುದು ನಿಂತದ್ದು 2000ದಲ್ಲಿ, ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ತಡೆದದ್ದು 2011ರಲ್ಲಿ. ಎಣ್ಮಕಜೆ ಪಂಚಾಯತಿನ ಪಡ್ರೆ ಊರಿನವರು ಅದಕ್ಕೂ ಎಷ್ಟೋ ಮೊದಲೇ ತಮ್ಮ ಮಕ್ಕಳನ್ನು ನೋಡಿ ಏನೋ ಕೆಟ್ಟಿದೆ ಎಂದು ಹೇಳುತ್ತಿದ್ದರು.

ಸಮಿತಿ ನಮ್ಮ ನಕ್ಷೆಯನ್ನು ದಾಖಲೆಗೆ ಸೇರಿಸಿ ನಿರ್ಣಯ ಮಾಡಿತು. ಅರ್ಜಿ ಮರುಸಮೀಕ್ಷೆಗೆ ಹೋಗಿದೆ, ಇನ್ನೂ ತೀರ್ಮಾನವಾಗಿಲ್ಲ. ನಮೂನೆ ಹಾಗೆಯೇ ಇದೆ. ನಾನು ಪ್ರತಿ ಹಾಳೆಯ ಅಂಚಿನಲ್ಲಿ ಪೆನ್ನಿನಿಂದ ಮೂರು ಗೆರೆ ಎಳೆದುಕೊಳ್ಳುತ್ತೇನೆ: ಬಾಯಿ ಎಲ್ಲಿ, ಎಷ್ಟು ಕೋಲು, ಯಾವ ದಿಕ್ಕು. ಉಳಿದಿರುವ ವಾರ್ಡುಗಳು ಏಳು.